ಅನಂತಗಿರಿಯಲ್ಲಿ ನೋಡುವುದೇನಿದೆ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಮಗೆ ವಹಿಸಿರುವ ವಿಷಯ ಮಕ್ಕಳ ವಿಹಾರ ಮತ್ತು ಪ್ರವಾಸ. ಕೇಳುವುದಕ್ಕೆ ಇದು ಹಗುರವಾದ ವಿಷಯ. ಆದರೆ ಸಂಘದ ಹಣವೆಂದರೆ ದಾನಿಗಳು ಬೆವರು ಸುರಿಸಿ ಗಳಿಸಿ ಕೊಟ್ಟ ಹಣ. ಪ್ರವಾಸಕ್ಕೆಂದು ತೆಗೆದ ಒಂದೊಂದು ರೂಪಾಯಿಯೂ ಪುಸ್ತಕಕ್ಕೋ ಬೆಂಚಿಗೋ ತಪ್ಪಿದ ರೂಪಾಯಿ. ಆದಕಾರಣ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬೇಕೆಂಬುದು ಆಲೋಚಿಸತಕ್ಕ ಪ್ರಶ್ನೆಯೇ ಸರಿ. ಹೈದರಾಬಾದಿಗೆ ಹೋಗೋಣ, ಚಾರ್‌ಮಿನಾರ್, ಗೋಲ್ಕೊಂಡ, ಮೃಗಾಲಯಗಳನ್ನು ತೋರಿಸೋಣ ಎಂಬುದು ಹಲವರ ಅಭಿಪ್ರಾಯ. ನಮ್ಮ ಸೂಚನೆ ಬೇರೆ. ಈ ಸಲ ವಿಕಾರಾಬಾದಿನ ಪಕ್ಕದ ಅನಂತಗಿರಿಗೆ ಹೋಗಬೇಕು. ಇದನ್ನು ಕೇಳಿದ ಮಿತ್ರರೊಬ್ಬರು, “ಅದು ಹಿತ್ತಲ ಗುಡ್ಡವಲ್ಲವೆ? ಅಲ್ಲಿ ನೋಡುವುದೇನಿದೆ?” ಎಂದರು. ಅವರಿಗೆ ಕೊಡಬೇಕಾದ ಉತ್ತರವನ್ನೇ ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಮೊದಲು ದಾರಿಯ ಮಾತು. ಸಿಕಂದರಾಬಾದಿನಿಂದ ವಾಡಿಗೆ ನಿಜಾಮರ ರೈಲು ಹಾದಿ ತೆರೆದದ್ದು 1874ರಲ್ಲಿ. ತಾಂಡೂರು ಆ ಹಾದಿಯ ಮೇಲಿದೆ. ಜಹೀರಾಬಾದು ಬೀದರಿನ ಕಡೆಗೆ ಹೋಗುವ ಕವಲುಹಾದಿಯ ಮೇಲಿದೆ. ಈ ಎರಡು ಹಾದಿಗಳೂ ಕೂಡುವ ಜಂಕ್ಷನ್ನೇ ವಿಕಾರಾಬಾದು. ನಾರಾಯಣಖೇಡದವರಿಗೆ ಮಾತ್ರ ರೈಲಿನ ಭಾಗ್ಯವಿಲ್ಲ; ಅವರು ಬಸ್ಸನ್ನೇ ನಂಬಬೇಕು. ಊರಿಗೆ ಈ ಹೆಸರು ಬಂದುದು 1893ರಿಂದ 1901ರವರೆಗೆ ಹೈದರಾಬಾದು ಸಂಸ್ಥಾನದ ದಿವಾನರಾಗಿದ್ದ, ಫಲಕ್‌ನುಮಾ ಅರಮನೆಯನ್ನು ಕಟ್ಟಿಸಿದ ನವಾಬ ವಿಕಾರ್-ಉಲ್-ಉಮ್ರಾ ಅವರಿಂದ. ಊರಿನಿಂದ ಕೆಲವೇ ಮೈಲಿ ಏರಿದರೆ ಬೆಟ್ಟ ಬರುತ್ತದೆ.

ಅನಂತಗಿರಿ ಊಟಿಯಲ್ಲ, ಕೊಡಗೂ ಅಲ್ಲ. ಅಂಥದನ್ನು ನಿರೀಕ್ಷಿಸಿ ಹೋದವರು ಬರಿಗೈಯಲ್ಲಿ ಮರಳುವರು. ತೇಗದ ಮರಗಳು, ಸೀತಾಫಲದ ಪೊದೆಗಳು, ತಿರುತಿರುಗಿ ಏರುವ ರಸ್ತೆ, ಕಾಡಿನ ನಡುವೆ ಅನಂತಪದ್ಮನಾಭಸ್ವಾಮಿಯ ದೇವಾಲಯ, ಮೆಟ್ಟಿಲಿಳಿದರೆ ಭವನಾಶಿಯೆಂಬ ಕೊಳ. ಕಾಲಯವನನನ್ನು ನೋಟದಿಂದಲೇ ಸುಟ್ಟ ಮುಚುಕುಂದ ರಾಜರ್ಷಿ ನಿದ್ರಿಸಿದ್ದು ಈ ಬೆಟ್ಟದ ಗುಹೆಯಲ್ಲಿಯೇ ಎಂದು ಸ್ಥಳಪುರಾಣ ಹೇಳುತ್ತದೆ. ಇಲ್ಲಿ ಹುಟ್ಟುವ ಮೂಸಿ ನದಿಗೆ ಮುಚುಕುಂದಾ ಎಂಬ ಹೆಸರು ಬಂದುದು ಆ ಕಥೆಯಿಂದ. ಬೆಟ್ಟದ ಮೇಲೆ ಕ್ಷಯರೋಗಿಗಳಿಗಾಗಿ ಕಟ್ಟಿದ ಆರೋಗ್ಯಧಾಮವೂ ಇದೆ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆಯುವ ಮೊದಲು ಕ್ಷಯಕ್ಕೆ ಮದ್ದೆಂದರೆ ವಿಶ್ರಾಂತಿ, ಪುಷ್ಟಿಯಾದ ಆಹಾರ ಮತ್ತು ಬೆಟ್ಟದ ಗಾಳಿ. ಸ್ವಿಟ್ಸರ್ಲೆಂಡಿನ ದಾವೋಸದಲ್ಲಿ ಶ್ರೀಮಂತರು ಹುಡುಕಿದ ಗಾಳಿಯನ್ನೇ ನಮ್ಮ ಬಡವರು ಇಲ್ಲಿ ಹುಡುಕಿದರು. ಇಂದು ವಿಹಾರಕ್ಕೆಂದು ಹೋಗುವವರು ಆ ಕಟ್ಟಡದ ಮುಂದೆ ಹಾದುಹೋಗುವಾಗ ದನಿ ತಗ್ಗಿಸಿದರೆ ಒಳ್ಳೆಯದು.

ಇಷ್ಟೇ ಆಗಿದ್ದರೆ ಮಿತ್ರರ ಮಾತಿಗೆ ನಾವು ತಲೆದೂಗುತ್ತಿದ್ದೆವು. ನಮ್ಮ ಮಕ್ಕಳು ನೋಡತಕ್ಕದ್ದು ಬೇರೆ ಇದೆ, ಅದು ನೀರು. ಬೀದರು, ಜಹೀರಾಬಾದುಗಳ ಕೆಂಪು ನೆಲವನ್ನು ಬಲ್ಲವರಿಗೆ ಅಲ್ಲಿನ ಜಂಬಿಟ್ಟಿಗೆ ಕಲ್ಲಿನ ಗುಣ ಗೊತ್ತು. ಅದು ತೂತುತೂತಾದ ಕಲ್ಲು. ಮಳೆಯ ನೀರು ಅದರೊಳಗೆ ಇಂಗಿ, ಕೆಳಗಿನ ಗಟ್ಟಿ ಪದರವನ್ನು ಮುಟ್ಟಿ, ಬದಿಯಲ್ಲಿ ಒರತೆಯಾಗಿ ಹೊರಡುತ್ತದೆ. ಬೀದರಿನ ಸುಲ್ತಾನರ ಕಾಲದಲ್ಲಿ ನೆಲದಡಿಯಲ್ಲಿ ಸುರಂಗ ಕೊರೆದು ಕರೇಜ್ ಕಟ್ಟಿದವರು ಹಿಡಿದದ್ದು ಈ ಗುಟ್ಟನ್ನೇ. ಅನಂತಗಿರಿಯ ಸಾಲಿನಲ್ಲಿಯೂ ಇಂಗಿದ ಮಳೆಯೇ ಹೊಳೆಯಾಗುತ್ತದೆ; ಮರವಿದ್ದಲ್ಲಿ ನೀರು ನಿಂತು ಇಂಗುತ್ತದೆ, ಮರವಿಲ್ಲದಲ್ಲಿ ಮಣ್ಣನ್ನೂ ಹೊತ್ತು ಓಡುತ್ತದೆ.

ಈ ಬೆಟ್ಟಸಾಲಿನ ನೀರು ಎರಡು ದಿಕ್ಕಿಗೆ ಹೋಗುತ್ತದೆ. ಮೂಡಣಕ್ಕೆ ಹರಿದದ್ದು ಮೂಸಿ, ಹೈದರಾಬಾದಿನ ನದಿ. 1908ರ ಸೆಪ್ಟೆಂಬರ್ 28ರಂದು ಅದು ಉಕ್ಕಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮೇಲಿನ ಕೆರೆಗಳು ಒಂದರ ಮೇಲೊಂದು ಒಡೆದು ನಗರದ ಮೇಲೆ ಬಿದ್ದವು. ಮರುವರ್ಷ ನಿಜಾಮ ಸರ್ಕಾರ ಕರೆಸಿಕೊಂಡದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಪ್ರವಾಹವನ್ನು ನಗರದ ಮೇಲ್ಗಡೆಯೇ ತಡೆದು ನಿಲ್ಲಿಸಬೇಕೆಂಬ ಅವರ ಸಲಹೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಆದವು. ಅವರನ್ನು ಕನ್ನಂಬಾಡಿಯ ಹೆಸರಿನಿಂದ ಮಾತ್ರ ಬಲ್ಲ ನಮ್ಮ ಮಕ್ಕಳಿಗೆ ಇದು ತಿಳಿಯಬೇಡವೆ?

ಪಡುವಣಕ್ಕೆ ಹರಿದದ್ದು ಕಾಗಿಣಾ. ತಾಂಡೂರಿನ ಮಕ್ಕಳು ಅದರ ಮರಳಿನಲ್ಲಿ ಆಡಿದವರು. ಊರಿನ ತೆಲುಗರು ಅದನ್ನು ಕಾಗ್ನಾ ಎನ್ನುತ್ತಾರೆ. ಆ ಹೊಳೆ ತಾಂಡೂರಿನ ಕಲ್ಲುಚಪ್ಪಡಿಯ ಸೀಮೆಯನ್ನು ದಾಟಿ, ಸೇಡಂ ತಾಲ್ಲೂಕಿನ ಮಳಖೇಡದ ಕೋಟೆಯ ಪಾದವನ್ನು ತೊಳೆದು, ಶಹಾಬಾದಿನ ಬಳಿ ಭೀಮೆಯನ್ನು ಸೇರುತ್ತದೆ. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ರಾಜಧಾನಿ. ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗ ಆ ಆಸ್ಥಾನದ್ದು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಅದು ಹೇಳುವುದನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. ಆದರೆ ಆ ರಾಜಧಾನಿ ಕುಡಿದ ನೀರಿನ ಮೂಲ ನಮ್ಮ ಹಿತ್ತಲ ಗುಡ್ಡದಲ್ಲಿದೆಯೆಂಬುದನ್ನು ಎಷ್ಟು ಮಂದಿ ಮಕ್ಕಳಿಗೆ ತೋರಿಸಿದ್ದೇವೆ?

ಅಗಲಿದ ಈ ಎರಡು ನೀರುಗಳೂ ಕಡೆಗೆ ಸೇರುವುದು ಕೃಷ್ಣೆಯನ್ನೇ. ಕಾಗಿಣಾ ಭೀಮೆಯೊಡನೆ ರಾಯಚೂರಿನ ಬಡಗಣದಲ್ಲಿ ಸೇರುತ್ತದೆ. ಮೂಸಿ ನಲ್ಗೊಂಡ ಜಿಲ್ಲೆಯ ವಾಡಪಲ್ಲಿಯಲ್ಲಿ. ನಾರಾಯಣಖೇಡದ ಮಕ್ಕಳು ಮುಖ ಬಾಡಿಸಬೇಕಾಗಿಲ್ಲ. ಅವರ ಮಂಜೀರಾ ಗೋದಾವರಿಯನ್ನು ಕೂಡುವುದರಿಂದ, ಕವಿರಾಜಮಾರ್ಗದ ಬಡಗಣ ಗಡಿ ಅವರ ಪಾಲಿಗೇ ಬಂದಿದೆ.

ಈ ಮಾತನ್ನು ಇಷ್ಟು ಬೆಳೆಸಲು ಕಾರಣವುಂಟು. 1956ರ ನವೆಂಬರ್ 1ರವರೆಗೆ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ನಾರಾಯಣಖೇಡವೂ ಜಹೀರಾಬಾದೂ ಬೀದರ ಜಿಲ್ಲೆಯಲ್ಲಿದ್ದವು. ಪ್ರಾಂತ ರಚನೆಯಲ್ಲಿ ನಿರ್ಣಾ ಭಾಗವೊಂದು ಮೈಸೂರು ರಾಜ್ಯಕ್ಕೆ ಉಳಿದು, ಮಿಕ್ಕವು ಆಂಧ್ರಪ್ರದೇಶಕ್ಕೆ ಬಂದವು. 2014ರಿಂದ ತೆಲಂಗಾಣ, 2016ರಿಂದ ಸಂಗಾರೆಡ್ಡಿ ಮತ್ತು ವಿಕಾರಾಬಾದ್ ಜಿಲ್ಲೆಗಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ದಖ್ಖನಿ ಆಡುವ ನಮ್ಮ ಮಕ್ಕಳಿಗೆ ಕನ್ನಡವೆಂದರೆ ಜೋಗ, ಹಂಪೆ, ಮೈಸೂರುಗಳ ಚಿತ್ರ. ಅವೆಲ್ಲ ಎಲ್ಲೋ ದೂರದಲ್ಲಿರುವ ಬೇರೆಯವರ ಸೊತ್ತು ಎಂಬ ಭಾವ ಅವರಲ್ಲಿ ಬೆಳೆದಿದೆ. ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸಲು ತಂದೆತಾಯಿಗಳು ಹಿಂದೆಗೆಯುವುದಕ್ಕೆ ಉದ್ಯೋಗದ ಚಿಂತೆ ದೊಡ್ಡ ಕಾರಣ, ನಿಜ. ಆದರೆ ಈ ಭಾವವೂ ಒಂದು ಕಾರಣವೆಂದು ನಾವು ಬಗೆಯುತ್ತೇವೆ.

ಬೆಟ್ಟದ ಈಗಿನ ಸ್ಥಿತಿಯನ್ನೂ ಮರೆಮಾಚಬಾರದು. ರಜೆಯ ದಿನ ನಗರದಿಂದ ಬರುವ ವಾಹನಗಳ ಸದ್ದಿನಲ್ಲಿ ಹಕ್ಕಿಯ ದನಿ ಕೇಳಿಸದು. ತಿಂದ ತಟ್ಟೆ, ಕುಡಿದ ಬಾಟಲಿಗಳು ಒರತೆಯ ಬಾಯಲ್ಲೇ ಬಿದ್ದಿರುತ್ತವೆ. ಹತ್ತಿರದ ಕೋಟೆಪಲ್ಲಿ ಜಲಾಶಯದಲ್ಲಿ ಹುಟ್ಟು ಹಾಕುವ ಸಣ್ಣ ದೋಣಿಗಳ ವಿನೋದವಿದೆ. ಮಕ್ಕಳಿಗೆ ಅದು ಬಹಳ ಪ್ರಿಯ. ಲೈಫ್ ಜಾಕೆಟ್ ತೊಡದೆ ಒಬ್ಬನೂ ಏರಕೂಡದು, ದೋಣಿಯ ಸ್ಥಳವನ್ನು ಬಿಟ್ಟು ಬೇರೆಲ್ಲೂ ನೀರಿಗಿಳಿಯಕೂಡದು. ಸಮೀಪದ ದಾಮಗುಂಡಂ ಅರಣ್ಯದಲ್ಲಿ ಸುಮಾರು 2,900 ಎಕರೆ ನೌಕಾಪಡೆಯ ರೇಡಿಯೊ ಕೇಂದ್ರಕ್ಕೆ ಸಂದಿದೆ. 2024ರ ಅಕ್ಟೋಬರ್ 15ರಂದು ಶಂಕುಸ್ಥಾಪನೆಯಾಯಿತು. ಸಾಗರದಡಿಯ ಜಲಾಂತರ್ಗಾಮಿಗಳಿಗೆ ಸಂದೇಶ ಕಳುಹುವ ಕೇಂದ್ರವದು. ದೇಶರಕ್ಷಣೆಯ ಅಗತ್ಯವನ್ನು ನಾವು ಅಲ್ಲಗಳೆಯುವವರಲ್ಲ. ಮೂಸಿಯ ಮೂಲದ ಮರಗಳಿಗಾಗಿ ನ್ಯಾಯಾಲಯದ ಬಾಗಿಲು ತಟ್ಟಿದವರನ್ನೂ ಹಳಿಯಲಾರೆವು. ಎಂಟು ಒಂಬತ್ತನೆಯ ತರಗತಿಯ ಮಕ್ಕಳು ಎರಡೂ ಪಕ್ಷಗಳನ್ನು ಕೇಳಿ ತಾವೇ ಚರ್ಚಿಸಲಿ.

ಇನ್ನು ನಮ್ಮ ಸೂಚನೆ. ಮಳೆ ನಿಂತು ಒರತೆಗಳು ಇನ್ನೂ ಹರಿಯುತ್ತಿರುವ ಅಕ್ಟೋಬರ್ ಕೊನೆಯಲ್ಲಿ, ರಜೆಯಲ್ಲದ ದಿನ ಹೊರಡುವುದು. ಬುತ್ತಿಯನ್ನು ಮನೆಯಿಂದಲೇ ಕಟ್ಟಿಕೊಂಡು, ರೊಟ್ಟಿಯ ಬಟ್ಟೆಯೊಡನೆ ಕಸವನ್ನೂ ಹಿಂದಕ್ಕೆ ತರುವುದು. ಮೊದಲನೆಯ ದಿನ ಬೆಟ್ಟ. ರಾತ್ರಿ ತಾಂಡೂರಿನ ಪೋಷಕರ ಮನೆಗಳಲ್ಲಿ ತಂಗಿ, ಮರುದಿನ ಕಾಗಿಣೆಯ ಜಾಡಿನಲ್ಲಿ ಮಳಖೇಡದ ಕೋಟೆ ಮತ್ತು ನೇಮಿನಾಥ ಬಸದಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಹಳ್ಳದಿಂದ ಕೃಷ್ಣೆಗೋ ಗೋದಾವರಿಗೋ ಹೋಗುವ ನೀರಿನ ನಕ್ಷೆಯನ್ನು ಕೈಯಾರೆ ಬರೆದು ತರಲಿ. ಅವುಗಳಲ್ಲಿ ಉತ್ತಮವಾದುದನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಿಸೋಣ. ಖರ್ಚಿನ ಅಂದಾಜನ್ನು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇವೆ. ಅದು ಹೈದರಾಬಾದಿನ ಒಂದು ದಿನದ ಖರ್ಚಿಗಿಂತ ಹೆಚ್ಚಿಲ್ಲ. ಸಭೆ ಒಪ್ಪಿದರೆ, ಮಕ್ಕಳ ಹೆಸರನ್ನು ನಾಳೆಯಿಂದಲೇ ಬರೆದುಕೊಳ್ಳಬಹುದು.