ತವರಿನ ಕೌದಿ, ಕೂಸಿನ ಕುಲಾಯಿ

(ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ರೈತ ಮಹಿಳೆಯರಿಗಾಗಿ ಸಿದ್ಧಪಡಿಸಿದ ಭಾಷಣದ ಪಠ್ಯ)



ಮಗಳ ಮೊದಲ ಬಾಣಂತನ ತವರುಮನೆಯಲ್ಲಿ ಆಗಬೇಕೆಂಬುದು ಈ ಸೀಮೆಯ ಒಕ್ಕಲುತನದ ಮನೆಗಳಲ್ಲಿ ಮೊದಲಿನಿಂದ ನಡೆದುಬಂದ ರೂಢಿ. ಕುಬಸ ಮುಗಿಸಿ ಮಗಳನ್ನು ಕರೆತಂದ ಮೇಲೆ ತಾಯಿಯಾದವಳು ಹಳೆಯ ಸೀರೆ, ಧೋತರಗಳ ಗಂಟು ಬಿಚ್ಚಿ ಕೂಡುತ್ತಾಳೆ. ಕೂಸಿಗೆ ಕುಲಾಯಿ ಬೇಕು, ಕುಂಚಗಿ ಬೇಕು, ನಾಲ್ಕಾರು ಅಂಗಿ ಬೇಕು, ಹಾಸಲು ಹೊದಿಸಲು ಸಣ್ಣ ಕೌದಿಗಳು ಬೇಕು. ಬಾಣಂತಿ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೊರಟಾಗ ತೊಟ್ಟಿಲಿನ ಸಂಗಡ ಈ ಗಂಟೂ ಹೋಗುತ್ತದೆ. ಬೀಗರ ಮನೆಯ ಹೆಂಗಸರು ಬಂಗಾರ ನೋಡುವುದಕ್ಕಿಂತ ಮುಂಚೆ ಕೌದಿಯ ಹೊಲಿಗೆ ನೋಡುತ್ತಿದ್ದ ಕಾಲವೊಂದಿತ್ತು.

ಈಗಲೂ ಗಂಟು ಹೋಗುತ್ತದೆ. ಆದರೆ ಗಂಟಿನೊಳಗಿನ ಬಟ್ಟೆ ಬದಲಾಗಿದೆ, ಹೊಲಿಯುವವರ ಗಮನ ಅದರ ಕಡೆಗೆ ಹೋಗಿಲ್ಲ. ಹಿಂದೆ ಮನೆಯಲ್ಲಿ ಹಳತಾಗುತ್ತಿದ್ದುದೆಲ್ಲ ಹತ್ತಿಯ ಬಟ್ಟೆ. ಘಟಪ್ರಭೆಯ ನೀರಿನ ಬಲದಿಂದ ಗೋಕಾಕ ಫಾಲ್ಸ್‌ನ ಗಿರಣಿ 1880ರ ದಶಕದಿಂದ ತೆಗೆದದ್ದು ಹತ್ತಿಯ ನೂಲು, ಸುತ್ತಲಿನ ಮಗ್ಗಗಳಲ್ಲಿ ನೇಯ್ದದ್ದೂ ಬಹುಮಟ್ಟಿಗೆ ಹತ್ತಿಯೇ. ಇಂದು ನಿತ್ಯ ಉಡುವ ಸೀರೆಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್. ಅವು ಹರಿಯುವುದಿಲ್ಲ, ಬಣ್ಣ ಬಿಡುವುದಿಲ್ಲ, ಬೇಗ ಒಣಗುತ್ತವೆ. ಹೊಲದ ಕೆಲಸಕ್ಕೆ ಅನುಕೂಲವೇ ಸರಿ. ಕೂಸಿನ ಮೈಗೆ ಮಾತ್ರ ಅನುಕೂಲವಲ್ಲ. ಪಾಲಿಯೆಸ್ಟರ್ ಕೌದಿ ಉಚ್ಚೆಯನ್ನು ಹೀರುವುದಿಲ್ಲ, ಬೆವರನ್ನೂ ಹೀರುವುದಿಲ್ಲ. ಕೂಸು ಒದ್ದೆಯಲ್ಲಿಯೇ ಮಲಗಬೇಕಾಗುತ್ತದೆ. ತೊಡೆಸಂದಿ, ಕುತ್ತಿಗೆಯಲ್ಲಿ ಚರ್ಮ ಕೆಂಪೇರುತ್ತದೆ. ಎಷ್ಟೇ ಸೊಗಸಾಗಿ ಹೊಲಿದಿದ್ದರೂ ಅಂಥ ಕೌದಿಯಿಂದ ಫಲವಿಲ್ಲ.

ಬಟ್ಟೆ ಹತ್ತಿಯದೋ ಅಲ್ಲವೋ ಎಂದು ಗುರುತಿಸುವುದು ಸುಲಭ. ಸೆರಗಿನ ಅಂಚಿನಿಂದ ನಾಲ್ಕಾರು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಹಿತ್ತಲಲ್ಲಿ ಬೆಂಕಿಗೆ ತಾಗಿಸಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಮೆತ್ತಗಿನ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಮುದುಡಿ ಕರಗಿ ಗಟ್ಟಿಯಾದ ಮಣಿಯಂತಾಗುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಎರಡೂ ಕೂಡಿದ ಬಟ್ಟೆಯಲ್ಲಿ ಬೂದಿಯೂ ಉಳಿಯುತ್ತದೆ, ಗಟ್ಟಿ ಕಾಳೂ ಉಳಿಯುತ್ತದೆ. ಸುಡುವುದು ಬೇಡವೆಂದರೆ ಒಂದು ಹನಿ ನೀರು ಹಾಕಿ ನೋಡಬಹುದು. ಒಗೆದು ಹಳತಾದ ಹತ್ತಿ ಬಟ್ಟೆ ಹನಿಯನ್ನು ಕೂಡಲೇ ಕುಡಿಯುತ್ತದೆ.

ಬಾಣಂತಿಯ ಕೋಣೆಯ ಮಟ್ಟಿಗೆ ಈ ಪರೀಕ್ಷೆಗೆ ಇನ್ನೊಂದು ಕಾರಣವುಂಟು. ಹೊರಸಿನ ಕೆಳಗೆ ಕೆಂಡವಿಟ್ಟು ತಾಯಿ ಮತ್ತು ಕೂಸನ್ನು ಕಾಸುವ ಪದ್ಧತಿ ಹಲವು ಮನೆಗಳಲ್ಲಿ ಉಳಿದಿದೆ. ಕಿಡಿ ಸಿಡಿದರೆ ಹತ್ತಿಯೂ ಉರಿಯುತ್ತದೆ. ಪಾಲಿಯೆಸ್ಟರ್ ಮತ್ತು ಅಕ್ರಿಲಿಕ್ ಕರಗಿ ಮೈಗೆ ಅಂಟಿಕೊಳ್ಳುತ್ತವೆ, ಸುಟ್ಟ ಗಾಯ ಆಳವಾಗುತ್ತದೆ. ಅಷ್ಟೇ ಅಲ್ಲ, ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿ ಮತ್ತು ಹೊಗೆ ಇಬ್ಬರ ಉಸಿರಿಗೂ ಅಪಾಯಕಾರಿ. ಈಗಷ್ಟೇ ಹುಟ್ಟಿದ ಕೂಸಿಗೆ ಬೆಚ್ಚಗಿರುವುದು ಅತ್ಯವಶ್ಯ ಎಂಬ ಹಿರಿಯರ ಮಾತು ನಿಜ. ಆದರೆ ಆ ಬಿಸಿ ಕೆಂಡದಿಂದ ಬರಬೇಕಾಗಿಲ್ಲ. ಒಣಗಿದ ಬಟ್ಟೆಯಿಂದ ಒರೆಸಿ, ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಮಲಗಿಸಿ, ತಲೆಗೆ ಕುಲಾಯಿ ಹಾಕಿ, ಮೇಲೆ ತೆಳುವಾದ ಬಟ್ಟೆ ಹೊದಿಸುವುದೇ ವೈದ್ಯರು ಒಪ್ಪುವ ವಿಧಾನ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸುಗಳಿಗೆ ಇದು ಪ್ರಾಣ ಉಳಿಸುವ ಮಾತು. ಮೈಗೆ ಹೋಲಿಸಿದರೆ ಕೂಸಿನ ತಲೆ ದೊಡ್ಡದು, ಅಲ್ಲಿಂದ ಬಿಸಿ ಬಹಳ ಹೋಗುತ್ತದೆ. ಆದುದರಿಂದ ತವರಿನ ಉಡುಗೊರೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಕುಲಾಯಿಯೇ ಮೊದಲು ಸಿದ್ಧವಾಗಬೇಕು.

ಕೌದಿಯಂತೆ ಹೆಣಿಗೆ ಈ ಕಡೆಯ ಹಳೆಯ ವಿದ್ಯೆಯಲ್ಲ. ಶಾಲೆ, ಮಹಿಳಾ ಮಂಡಳಗಳ ಮೂಲಕ ಬಂದು ಈಗ ಅನೇಕರ ಕೈಗೆ ಹತ್ತಿದೆ. ಎರಡು ಕಡ್ಡಿ ಬಲ್ಲವರು ಒಂದು ಕುಲಾಯಿಯನ್ನು ಎರಡು ಸಂಜೆಗಳಲ್ಲಿ ಮುಗಿಸಬಹುದು. ದಿನ ತುಂಬಿ ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 34ರಿಂದ 35 ಸೆಂಟಿಮೀಟರ್. ಆರು ತಿಂಗಳಿಗೆ ಸುಮಾರು 43, ವರ್ಷ ತುಂಬುವಾಗ 46 ಆಗುತ್ತದೆ. ಹೆಣೆದದ್ದು ಹಿಗ್ಗುವುದರಿಂದ ಅಳತೆಗಿಂತ ಎರಡು ಮೂರು ಸೆಂಟಿಮೀಟರ್ ಕಡಿಮೆ ಹೆಣೆಯಬೇಕು. 10 ನಂಬರಿನ ಕಡ್ಡಿ, ಸಣ್ಣ ಎಳೆಯ ದಾರ ತೆಗೆದುಕೊಂಡರೆ ಇಂಚಿಗೆ 7 ಕುಣಿಕೆ ಬರುತ್ತವೆ. ಕೆಲವರ ಕೈ ಬಿಗಿ, ಕೆಲವರದು ಸಡಿಲ. ಮೊದಲು ನಾಲ್ಕು ಇಂಚಿನ ತುಂಡು ಹೆಣೆದು ಎಣಿಸಿ ನೋಡುವುದು ಒಳ್ಳೆಯದು. ಕಡ್ಡಿಗೆ 90 ಕುಣಿಕೆ ಏರಿಸಿ, ಒಂದು ಇಂಚು ಒಂದು ಸೀದಾ ಒಂದು ಉಲ್ಟಾ ಹೆಣೆದು, ಅಲ್ಲಿಂದ ಮೇಲೆ ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಹೆಣೆಯುತ್ತ ಒಟ್ಟು ನಾಲ್ಕು ಇಂಚು ಎತ್ತರ ಮಾಡಬೇಕು. ಬಳಿಕ ನೆತ್ತಿ ಇಳಿಸುವುದು. ಸೀದಾ ಸಾಲಿನಲ್ಲಿ 8 ಕುಣಿಕೆ ಹೆಣೆದು ಮುಂದಿನ ಎರಡನ್ನು ಕೂಡಿಸಿ ಒಂದು ಮಾಡುತ್ತ ಹೋದರೆ ಸಾಲಿನ ಕೊನೆಗೆ 81 ಉಳಿಯುತ್ತವೆ. ಉಲ್ಟಾ ಸಾಲು ಹಾಗೆಯೇ ಬಿಟ್ಟು, ಮುಂದಿನ ಸೀದಾ ಸಾಲಿನಲ್ಲಿ 7 ಹೆಣೆದು ಎರಡನ್ನು ಕೂಡಿಸುವುದು, ಅದರ ಮುಂದೆ 6 ಹೆಣೆದು ಕೂಡಿಸುವುದು. ಹೀಗೆ 9 ಕುಣಿಕೆ ಉಳಿದಾಗ ದಾರ ಕತ್ತರಿಸಿ ಅವುಗಳೊಳಗೆ ಹಾಯಿಸಿ ಬಿಗಿದು, ಪಕ್ಕದ ಹೊಲಿಗೆ ಹಾಕಿದರೆ ಕುಲಾಯಿ ಆಯಿತು.

ದಾರದ ವಿಷಯದಲ್ಲಿ ಎಚ್ಚರ ಬೇಕು. ಪೇಟೆಯಲ್ಲಿ ಉಲನ್ ಎಂದು ಮಾರುವುದರಲ್ಲಿ ಬಹುಪಾಲು ಅಕ್ರಿಲಿಕ್. ಮುಟ್ಟಿದರೆ ಮೆತ್ತಗಿದ್ದರೂ ಅದು ಬೆವರು ಹೀರುವುದಿಲ್ಲ. ಈ ಕಡೆಯ ಕುರಿಯ ಉಣ್ಣೆ ಒರಟು. ಕಂಬಳಿಗೆ ಅದಕ್ಕಿಂತ ಮಿಗಿಲಾದುದಿಲ್ಲ, ಆದರೆ ಎಳೆಯ ಚರ್ಮಕ್ಕೆ ಚುಚ್ಚುತ್ತದೆ. ಹತ್ತಿಯ ಹೆಣಿಗೆ ದಾರ ಸಿಕ್ಕರೆ ಅದೇ ಉತ್ತಮ. ಸಿಗದಿದ್ದರೆ ಹಳೆಯ ಮೆತ್ತಗಿನ ಧೋತರದಿಂದ ಹೊಲಿದ ಕುಲಾಯಿಯೂ ಕೆಲಸಕ್ಕೆ ಸಾಕು. ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ ಹುಟ್ಟಿದ ಕೂಸಿಗೆ ಸ್ವೆಟರು, ಕಾಲುಚೀಲ ಎಲ್ಲ ಏರಿಸಿ ಸುತ್ತಿಡುವುದು ಪ್ರೀತಿಯ ಅತಿರೇಕ. ಕೂಸಿನ ಎದೆ ಇಲ್ಲವೇ ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಬೇಕು. ಬೆವತಿದ್ದರೆ ಒಂದು ಪದರ ತೆಗೆಯತಕ್ಕದ್ದು. ಕೈಚೀಲ, ಕಾಲುಚೀಲ ಹೆಣೆದವರು ಅವನ್ನು ಒಳಮೈ ಹೊರಗೆ ಮಾಡಿ ಬಿಡಿ ಎಳೆಗಳನ್ನೆಲ್ಲ ಕತ್ತರಿಸಬೇಕು. ಒಂದು ಎಳೆ ಕೂಸಿನ ಬೆರಳಿಗೆ ಸುತ್ತಿಕೊಂಡು ಬಿಗಿದರೆ ರಕ್ತ ಸಂಚಾರ ನಿಂತು ಬೆರಳು ಊದಿಕೊಳ್ಳುತ್ತದೆ. ಕೂಸು ಏಕೆ ಅಳುತ್ತಿದೆಯೆಂದು ಮನೆಯವರಿಗೆ ತಿಳಿಯುವುದೇ ಇಲ್ಲ.

ಕುಂಚಗಿಯ ಮಾತು ಬೇರೆ. ಗುಳೇದಗುಡ್ಡದ ಖಣದ ತುಂಡುಗಳನ್ನು ಕೂಡಿಸಿ, ಅಂಚಿಗೆ ಬೇರೆ ಬಣ್ಣದ ಪಟ್ಟಿ ಕೊಟ್ಟು ಹೊಲಿದ ಕುಂಚಗಿ ಹಾಕಿದ ಕೂಸನ್ನು ನೋಡಲು ಎರಡು ಕಣ್ಣು ಸಾಲವು. ಅದು ತೊಟ್ಟಿಲ ಕಾರ್ಯದ ದಿನಕ್ಕೆ, ಗುಡಿಗೆ ಹೋಗುವಾಗ ಹಾಕುವ ಬಟ್ಟೆ. ಮಣಿ, ಕನ್ನಡಿ, ಗೆಜ್ಜೆಗಳನ್ನು ಕೂಸು ಬಾಯಿಗೆ ಹಾಕಿಕೊಳ್ಳುವ ಅಪಾಯವಿರುವುದರಿಂದ ಬೆನ್ನಿನ ಕಡೆ ಮಾತ್ರ, ಎರಡೆರಡು ಬಾರಿ ದಾರ ಹಾಯಿಸಿ ಭದ್ರವಾಗಿ ಹೊಲಿಯಬೇಕು. ಕುತ್ತಿಗೆಗೆ ಕಟ್ಟುವ ಲಾಡಿ ಗಿಡ್ಡವಿರಲಿ. ಮಲಗಿಸುವಾಗ ಕುಂಚಗಿ ಕಳಚಲೇಬೇಕು.

ಅಂಗಿಯ ಮೇಲೆ ಚಿತ್ತಾರ ಬೇಕೆನ್ನುವವರಿಗೆ ಕಸೂತಿಗಿಂತ ತಕ್ಕದ್ದು ಇನ್ನೊಂದಿಲ್ಲ. 2006ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಧಾರವಾಡ ಸೀಮೆಯ ಕಲೆಯಲ್ಲಿ ಗವಂತಿ, ಮುರಗಿ, ನೇಯ್ಗೆ, ಮೆಂಥೆ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಎಳೆ ಎಣಿಸಿ, ಗಂಟು ಹಾಕದೆ ಹೊಲಿಯುವುದು ಅದರ ನಿಯಮ. ಗವಂತಿಯಲ್ಲಂತೂ ಬಟ್ಟೆಯ ಎರಡೂ ಮೈ ಒಂದೇ ತೆರನಾಗಿ ಕಾಣುತ್ತದೆ. ಇಳಕಲ್ ಸೀರೆಯ ಮೇಲೆ ಇದು ಅಂದಕ್ಕಾಗಿ ಇರಬಹುದು. ಕೂಸಿನ ಅಂಗಿಯ ಒಳಗೆ ಚುಚ್ಚುವ ಗಂಟಿಲ್ಲದಿರುವುದೇ ದೊಡ್ಡ ಗುಣ. ಧಾರವಾಡದಲ್ಲಿ 1974ರಲ್ಲಿ ಗ್ರಾಮೀಣ ಗೃಹವಿಜ್ಞಾನ ಮಹಾವಿದ್ಯಾಲಯವೆಂದು ಆರಂಭವಾಗಿ ಈಗ ಸಮುದಾಯ ವಿಜ್ಞಾನ ಮಹಾವಿದ್ಯಾಲಯವೆನಿಸಿರುವ ಸಂಸ್ಥೆಯಲ್ಲಿ ಜವಳಿ ಮತ್ತು ಉಡುಪು ವಿಷಯಕ್ಕೇ ಒಂದು ವಿಭಾಗವಿದೆ.

ಇನ್ನು ಕೌದಿ. ಕೂಸಿನ ಕೌದಿ 30 ಇಂಚು ಅಗಲ, 36 ಇಂಚು ಉದ್ದ, ಮೂರೇ ಪದರ ಇದ್ದರೆ ಸಾಕು. ಮೇಲಿನದು ತುಂಡುಗಳನ್ನು ಜೋಡಿಸಿದ್ದು, ನಡುವೆ ಹಳೆಯ ಧೋತರ, ಕೆಳಗೆ ಮಾಸಿದ ಸೀರೆ. ಹೊಸ ಬಟ್ಟೆ ಸೇರಿಸುವುದಾದರೆ ಮೊದಲು ಒಗೆದು ಗಂಜಿ ತೆಗೆಯಬೇಕು, ಇಲ್ಲವಾದರೆ ಆಮೇಲೆ ಅದೊಂದೇ ಕುಗ್ಗಿ ಕೌದಿ ಸೊಟ್ಟಗಾಗುತ್ತದೆ. ಕೆಂಪು, ಕಪ್ಪು ತುಂಡುಗಳನ್ನು ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ ಬಣ್ಣ ಬಿಡುವುದೇ ನೋಡಬೇಕು. ಹೊಲಿಗೆ ಓಡು ಹೊಲಿಗೆಯೇ. ಸಾಲಿನಿಂದ ಸಾಲಿಗೆ ಒಂದು ಬೆರಳಿನಷ್ಟು ಅಂತರ. ಐದಾರು ಪದರದ ದೊಡ್ಡ ಕೌದಿ ನೋಡಲು ಗಟ್ಟಿ, ಆದರೆ ನೀರು ಕುಡಿದರೆ ಅದನ್ನು ಎತ್ತಿ ಒಗೆಯುವುದು ಬಾಣಂತಿಯಿಂದ ಆಗದು. ಮಳೆಗಾಲದಲ್ಲಿ ಎರಡು ದಿನವಾದರೂ ಒಣಗದೆ ಮುಗ್ಗಲು ಹಿಡಿಯುತ್ತದೆ. ಒಂದು ದಪ್ಪ ಕೌದಿಗಿಂತ ಮೂರು ತೆಳು ಕೌದಿ ಕೊಡುವ ತಾಯಿ ಬುದ್ಧಿವಂತೆ. ಕೌದಿಯನ್ನು ಕೂಸಿನ ಮುಖದ ಮೇಲೆ ಬರುವಂತೆ ಹೊದಿಸಬಾರದು.

ಬೆಳಗಾವಿ ಜಿಲ್ಲೆಗೆ ಹೊಂದಿಕೊಂಡಿರುವ ಉತ್ತರ ಕನ್ನಡದಲ್ಲಿ, ಹಳಿಯಾಳ ಮತ್ತು ಯಲ್ಲಾಪುರ ಕಡೆಯ ಸಿದ್ದಿ ಮಹಿಳೆಯರು ಇದೇ ಕೆಲಸವನ್ನು ಕವಂದಿ ಎನ್ನುತ್ತಾರೆ. ಅವರು ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿನ ಕಡೆಗೆ ಹೊಲಿಯುತ್ತ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ಹೂವು ಇರಲೇಬೇಕು. ಅದಿಲ್ಲದ ಕವಂದಿ ಬತ್ತಲೆ ಎಂಬುದು ಅವರ ಭಾವನೆ. ಈ ಕವಂದಿಗಳು ಹೊರದೇಶದ ಪ್ರದರ್ಶನಗಳಿಗೂ ಹೋಗಿವೆ. ಗೋಕಾಕ ಸೀಮೆಯ ಅಟ್ಟಗಳ ಮೇಲೆ ಅಷ್ಟೇ ಚೆಂದದ ಕೌದಿಗಳು ಇಲಿಗಳ ಪಾಲಾಗುತ್ತಿರುವುದನ್ನು ಇಲ್ಲಿ ನೆನೆಯಬೇಕು.

ಹತ್ತಿಯ ಹಳೆಯ ಬಟ್ಟೆ ಎಲ್ಲಿಂದ ತರುವುದು ಎಂಬ ಪ್ರಶ್ನೆ ಏಳುತ್ತದೆ. ಅದು ಮನೆಯಲ್ಲಿಯೇ ಇದೆ. ಓಣಿಗೆ ಬರುವ ಪಾತ್ರೆ ಮಾರುವವರಿಗೆ ನಾಲ್ಕು ಹಳೆಯ ಸೀರೆ ಕೊಟ್ಟು ಒಂದು ಸ್ಟೀಲ್ ಡಬರಿ ಕೊಳ್ಳುವಾಗ ಹತ್ತಿಯದನ್ನೂ ಪಾಲಿಯೆಸ್ಟರನ್ನೂ ಒಟ್ಟಿಗೆ ಕೊಟ್ಟುಬಿಡುವುದು ರೂಢಿಯಾಗಿದೆ. ಹತ್ತಿಯದನ್ನು ಬೇರ್ಪಡಿಸಿ, ಒಗೆದು, ಬೇವಿನ ಒಣ ಎಲೆ ಹಾಕಿ ಕಟ್ಟಿಡಬೇಕು. ಅಜ್ಜನ ಧೋತರ, ಅಜ್ಜಿಯ ಸೀರೆಗಳಂತೂ ಮತ್ತೆ ಬರುವುದಿಲ್ಲ. ಆಹೇರದಲ್ಲಿ ಬಂದ ಜಂಪರ ಪೀಸುಗಳು ಒಂದು ಮದುವೆಯಿಂದ ಇನ್ನೊಂದು ಮದುವೆಗೆ ತಿರುಗುತ್ತ, ಯಾರ ಮೈಗೂ ಏರದೆ ಊರು ಸುತ್ತುತ್ತಿರುತ್ತವೆ. ಅವುಗಳಲ್ಲಿ ಹತ್ತಿಯವು ಇದ್ದರೆ ಆರಿಸಿ ಕೌದಿಯ ಮೇಲ್ಪದರಕ್ಕೆ ಹಚ್ಚಬಹುದು.

ಮಿಕ್ಕ ಪಾಲಿಯೆಸ್ಟರ್ ಸೀರೆಗಳೂ ವ್ಯರ್ಥವಲ್ಲ. ಮಾವನವರಿಗೆ ಎಲೆ ಅಡಿಕೆಯ ಚಂಚಿ, ಬುತ್ತಿಯ ಚೀಲ, ಹೊರೆ ಹೊರುವ ಗೆಳತಿಗೆ ಸಿಂಬಿ, ಕಾರಹುಣ್ಣಿಮೆಗೆ ಎತ್ತುಗಳ ಬೆನ್ನಿಗೆ ಝೂಲ, ಇವಕ್ಕೆಲ್ಲ ಆ ಗಟ್ಟಿ ಬಟ್ಟೆಯೇ ಚೆನ್ನಾಗಿ ಬಾಳುತ್ತದೆ. ಚಂಚಿಗೆ ಎಲೆ, ಅಡಿಕೆ, ಸುಣ್ಣದ ಡಬ್ಬಿಗೆ ಬೇರೆ ಬೇರೆ ಮನೆ ಮಾಡಿ ಹೊಲಿದುಕೊಟ್ಟರೆ ಹಿರಿಯರು ಅದನ್ನು ಸೊಂಟದಿಂದ ಬಿಚ್ಚುವುದಿಲ್ಲ.

ಬಟ್ಟೆಯಂತೆ ಹೊತ್ತೂ ಕಷ್ಟದ್ದೇ. ಮಳೆಯಾಶ್ರಿತ ಬೇಸಾಯದ ಕಾಲದಲ್ಲಿ ಸುಗ್ಗಿ ಮುಗಿದು ಮುಂಗಾರು ಬರುವ ತನಕ ಬಿಡುವಿತ್ತು, ಕೌದಿಗಳೆಲ್ಲ ಆಗ ಆಗುತ್ತಿದ್ದವು. ಘಟಪ್ರಭಾ ಕಾಲುವೆಯ ನೀರು, ಕಬ್ಬು, ಗೋವಿನಜೋಳ, ಅರಿಷಿಣ ಬಂದ ಮೇಲೆ ಹೊಲದಲ್ಲಿ ಹೆಂಗಸರಿಗೆ ವರ್ಷಪೂರ್ತಿ ಕೆಲಸ. ಕಳೆ ತೆಗೆಯಲು ಮುಯ್ಯಾಳು ಮಾಡಿಕೊಳ್ಳುವಂತೆ ಕೌದಿಗೂ ಮುಯ್ಯಿ ಮಾಡಿಕೊಳ್ಳುವುದು ಇದಕ್ಕೆ ದಾರಿ. ನಾಲ್ವರು ನಾಲ್ಕು ಬದಿಗೆ ಕುಳಿತರೆ ಸಣ್ಣ ಕೌದಿ ಒಂದು ಮಧ್ಯಾಹ್ನದ ಕೆಲಸ. ಕುಬಸದ ತಿಂಗಳಲ್ಲಿ ಬಟ್ಟೆ ಆರಿಸಿ, ಎಂಟು ತುಂಬುವುದರೊಳಗೆ ಎಲ್ಲವನ್ನೂ ಒಗೆದು ಬಿಸಿಲಿಗೆ ಒಣಗಿಸಿ ಇಟ್ಟಿರಬೇಕು. ದಿನ ತುಂಬುವ ಮೊದಲೇ ನೋವು ಬಂದರೆ ಆಸ್ಪತ್ರೆಗೆ ಒಯ್ಯುವ ಚೀಲದಲ್ಲಿ ಎರಡು ಕುಲಾಯಿ, ಎರಡು ತೆಳು ಕೌದಿ ಇರಬೇಕು.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣಕ್ಕೂ ಮೂಡಲಗಿ ಕಡೆಯ ದಂಡೆಯ ಹಳ್ಳಿಗಳಿಗೂ ನೀರು ನುಗ್ಗಿತು. ನೆರೆಯ ಕೆಸರು ಕುಡಿದ ಕೌದಿಯನ್ನು ಮಡಚಿ ರಾಶಿ ಹಾಕಿದರೆ ಕೆಲವೇ ದಿನಗಳಲ್ಲಿ ಅದು ಕೊಳೆಯುತ್ತದೆ. ಮೊದಲು ಬರೀ ನೀರಿನಿಂದ ಕೆಸರು ಹೋಗುವಂತೆ ಜಾಲಿಸಿ, ಬಳಿಕ ಬಿಸಿನೀರು ಸೋಪಿನಲ್ಲಿ ನೆನೆಸಿ ಒಗೆದು, ಎರಡೂ ಮೈ ಬಿಸಿಲಿಗೆ ಒಡ್ಡಬೇಕು. ಆದರೂ ವಾಸನೆ ಹೋಗದಿದ್ದರೆ ಕೂಸಿಗೆ ಬಳಸಬಾರದು. ಅಂಚು ಸವೆದ ಕೌದಿಗಾದರೆ ಹೊಸ ಪಟ್ಟಿ ಕೂಡಿಸಿದರೆ ಸಾಕು. ನಡುವೆ ಹರಿದದ್ದನ್ನು ಬಿಚ್ಚಿ, ಗಟ್ಟಿಯಿರುವ ಭಾಗವನ್ನು ಮುಂದಿನ ಕೂಸಿನ ಕೌದಿಗೆ ನಡುಪದರವಾಗಿ ಇಟ್ಟುಕೊಳ್ಳಬಹುದು.