ಹಳ್ಳಿಯ ದಾರಿ, ಬರೆಯುವವರ ಹೊಣೆ

(ಕನ್ನಡ ಕೂಟದ ಉಪನ್ಯಾಸ ಮಾಲೆಯಲ್ಲಿ, ಅಟ್ಲಾಂಟಾದಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ವಾಷಿಂಗ್ಟನ್ನಿನಿಂದ ಅಟ್ಲಾಂಟಾಕ್ಕೆ ಸುಮಾರು 640 ಮೈಲಿ. 95ನೆಯ ಹೆದ್ದಾರಿಯಲ್ಲಿ ಇಳಿದು 85ನೆಯದನ್ನು ಹಿಡಿದರೆ, ಬೆಳಿಗ್ಗೆ ಹೊರಟವರು ರಾತ್ರಿಯ ಊಟಕ್ಕೆ ಇಲ್ಲಿರಬಹುದು. ನಾವು ಈ ಹಾದಿಯಲ್ಲಿ ಹಲವು ಬಾರಿ ಹೀಗೆಯೇ ಬಂದವರು. ಪೆಟ್ರೋಲಿಗೂ ಕಾಫಿಗೂ ನಿಂತದ್ದನ್ನು ಬಿಟ್ಟರೆ ನಡುವಿನ ಸೀಮೆಯ ಒಂದು ಊರನ್ನೂ ಅರಿತವರಲ್ಲ. ಈ ಬಾರಿ ನಾಲ್ಕು ದಿನ ತೆಗೆದುಕೊಂಡು, ಹೆದ್ದಾರಿಯನ್ನು ಬಿಟ್ಟು, ಒಳದಾರಿಗಳಲ್ಲಿ ಬಂದೆವು. ಕಂಡದ್ದನ್ನೂ, ಕಂಡಾಗ ನಮ್ಮ ನಾಡಿನ ಹಳ್ಳಿಗಳ ಬಗ್ಗೆ ಹೊಳೆದದ್ದನ್ನೂ ತಮ್ಮ ಮುಂದಿಡುವುದೇ ಇಂದಿನ ಉದ್ದೇಶ. ಒಂದು ಊರಿನ ಸಂಸ್ಕೃತಿಯನ್ನು ಹೊರಗಿನವರಿಗೆ ಪರಿಚಯಿಸಿ ಬರೆಯುವುದು ಪುಣ್ಯದ ಕೆಲಸವೆಂದು ನಾವು ನಂಬಿದ್ದೆವು. ಈಗಲೂ ನಂಬುತ್ತೇವೆ. ಆದರೆ ಆ ಪುಣ್ಯಕ್ಕೊಂದು ಲೆಕ್ಕವೂ ಇದೆ ಎಂಬುದು ತಡವಾಗಿ ತಿಳಿಯಿತು.

ಮೊದಲು ನಿಂತದ್ದು ಉತ್ತರ ಕೆರೊಲಿನಾದ ಸೀಗ್ರೋವಿನಲ್ಲಿ. ಆ ಸೀಮೆಯಲ್ಲಿ ಹದಿನೆಂಟನೆಯ ಶತಮಾನದಿಂದಲೂ ಕುಂಬಾರರಿದ್ದಾರೆ. ಮದುವೆಗೆ ಐರಾಣಿ ತರಲು ಕುಂಬಾರರ ಮನೆಗೆ ಹೋದ ನೆನಪಿರುವವರಿಗೆ ಅಲ್ಲಿನ ತಿಗರಿ, ಆವಿಗೆ, ಹಸಿಮಣ್ಣಿನ ವಾಸನೆ ಯಾವುದೂ ಹೊಸದಲ್ಲ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಆ ಕಸುಬು ಕುಸಿಯುತ್ತಿತ್ತು. ಗಾಜಿನ ಜಾಡಿಯೂ ತಗಡಿನ ಡಬ್ಬಿಯೂ ಬಂದಿದ್ದವು. 1908ರ ಜನಮತದಿಂದ ಆ ರಾಜ್ಯದಲ್ಲಿ ಮದ್ಯನಿಷೇಧವಾದ ಮೇಲೆ ಮದ್ಯದ ಹೂಜಿಗಳನ್ನೂ ಕೇಳುವವರಿಲ್ಲವಾದರು. ಆಗ ರಾಲಿ ನಗರದ ಕಲಾವಿದ ದಂಪತಿಗಳಾದ ಜಾಕ್ ಮತ್ತು ಜೂಲಿಯಾನಾ ಬಸ್ಬೀ ಈ ಮಡಕೆಗಳ ಚೆಲುವಿಗೆ ಮನಸೋತು, ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ ಒಂದು ಚಹದಂಗಡಿ ತೆರೆದರು. ಚಹ ಕುಡಿಯಲು ಬಂದ ನಗರವಾಸಿಗಳು ಆ ಪಾತ್ರೆಗಳನ್ನು ಕೊಂಡೊಯ್ದರು. 1921ರಲ್ಲಿ ದಂಪತಿಗಳು ಹಳ್ಳಿಯಲ್ಲಿಯೇ ‘ಜಗ್‌ಟೌನ್’ ಎಂಬ ಕುಂಬಾರಶಾಲೆಯನ್ನು ಸ್ಥಾಪಿಸಿದರು. ಆ ಸೀಮೆಯ ಕಸುಬು ಉಳಿದುಕೊಂಡದ್ದರಲ್ಲಿ ಇವರ ಪಾಲು ದೊಡ್ಡದು.

ಇದು ಪ್ರಚಾರದ ಗೆಲುವು. ಆದರೆ ಇದರೊಳಗೆ ಇನ್ನೊಂದು ಸಂಗತಿಯಿದೆ. ಬಸ್ಬೀ ದಂಪತಿಗಳು ತಮ್ಮ ತರುಣ ಕುಂಬಾರರಿಗೆ ಚೀನಾ ಮತ್ತು ಕೊರಿಯಾದ ಹಳೆಯ ಪಾತ್ರೆಗಳ ಮಾದರಿಗಳನ್ನು ತೋರಿಸಿ, ಆ ಆಕಾರಗಳನ್ನೂ ಮಾಡಿಸಿದರು. ನಗರದ ಕೊಳ್ಳುಗರ ಕಣ್ಣು ಹಳ್ಳಿಯ ತಿಗರಿಯ ಮೇಲೆ ಬಿತ್ತು. ಮಡಕೆಯ ರೂಪವೂ ಬದಲಾಯಿತು. ಇದು ಕೆಡುಕೆಂದು ನಾವು ಹೇಳುವುದಿಲ್ಲ. ಅಲ್ಲಿನ ಬೆನ್ ಓವನ್ ಎಂಬ ಕುಂಬಾರರು ಆ ಹೊಸ ಆಕಾರಗಳನ್ನು ತಮ್ಮದಾಗಿಸಿಕೊಂಡು ಮೇರು ಕಲಾವಿದರಾದರು. ನಾವು ಗಮನಿಸಬೇಕಾದದ್ದು ಇಷ್ಟೆ: ಒಂದು ಕಲೆಯನ್ನು ಹೊರಗಿನವರ ಮುಂದೆ ಹಿಡಿದಾಗ ಅದು ಮೊದಲಿದ್ದಂತೆಯೇ ಉಳಿಯುವುದಿಲ್ಲ.

ಅಲ್ಲಿಂದ ದಕ್ಷಿಣ ಕೆರೊಲಿನಾದ ಕರಾವಳಿಗೆ, ಚಾರ್ಲ್‌ಸ್ಟನ್ ಪಕ್ಕದ ಮೌಂಟ್ ಪ್ಲೆಸೆಂಟಿಗೆ ಬಂದೆವು. 17ನೆಯ ಹೆದ್ದಾರಿಯ ಬದಿಯಲ್ಲಿ ಚಿಕ್ಕ ಚಿಕ್ಕ ಮರದ ಚಪ್ಪರಗಳು. ಅವುಗಳಲ್ಲಿ ಸಾಲಾಗಿ ತೂಗುಹಾಕಿದ ಹುಲ್ಲಿನ ಬುಟ್ಟಿಗಳು. ‘ಸ್ವೀಟ್‌ಗ್ರಾಸ್’ ಎಂಬ ಸುವಾಸನೆಯ ಹುಲ್ಲನ್ನು ಸುರುಳಿಯಾಗಿ ಸುತ್ತಿ, ತಾಳೆಯ ಜಾತಿಯ ಮರದ ಎಲೆಯ ಸೀಳಿನಿಂದ ಹೊಲಿಯುತ್ತಾರೆ. ಸೂಜಿಯ ಬದಲು ಬಳಸುವುದು ಚಮಚದ ಹಿಡಿಯಿಂದ ಮಾಡಿಕೊಂಡ ಉಪಕರಣ. ಬುಟ್ಟಿಗಳ ನಡುವೆ ಅಗಲವಾದ, ಅಂಚು ಕಿರಿದಾದ ಒಂದು ತಟ್ಟೆಯನ್ನು ಕಂಡು ನಮ್ಮ ಮನೆಯವರು ತಟ್ಟನೆ ‘ಇದು ಮೊರವಲ್ಲವೇ?’ ಎಂದರು. ಮೊರವೇ! ಭತ್ತವನ್ನು ಮರದ ಒರಳಿನಲ್ಲಿ ಒನಕೆಯಿಂದ ಕುಟ್ಟಿ, ಹೊಟ್ಟು ಹಾರಿಸಲು ಬಳಸುತ್ತಿದ್ದ ಮೊರ.

ಆ ಮೊರದ ಚರಿತ್ರೆ ಸುಖದ ಚರಿತ್ರೆಯಲ್ಲ. ಭತ್ತ ಬೆಳೆಯಬಲ್ಲ ಪಶ್ಚಿಮ ಆಫ್ರಿಕಾದ ಜನರನ್ನು ಸೆರೆಹಿಡಿದು ತಂದು, ಈ ಜೌಗು ನೆಲದಲ್ಲಿ ಗದ್ದೆ ಮಾಡಿಸಿ, ಅವರ ದುಡಿಮೆಯಿಂದಲೂ ಅವರ ವಿದ್ಯೆಯಿಂದಲೂ ಒಡೆಯರು ಶ್ರೀಮಂತರಾದರು. ಗುಲಾಮರಾಗಿ ಬಂದವರ ಕೈಯಲ್ಲಿ ಉಳಿದ ತವರಿನ ವಿದ್ಯೆಗಳಲ್ಲಿ ಈ ಬುಟ್ಟಿಯೂ ಒಂದು. ಅವರ ಸಂತತಿಯವರೇ ಗಲ್ಲಾ-ಗೀಚೀ ಜನ. 1929ರಲ್ಲಿ ಕೂಪರ್ ನದಿಗೆ ಸೇತುವೆಯಾಗಿ ವಾಹನಗಳು ಬರತೊಡಗಿದ ಮೇಲೆ ಹೆಂಗಸರು ದಾರಿಬದಿಯಲ್ಲಿ ಬುಟ್ಟಿಗಳನ್ನಿಟ್ಟು ಮಾರಲಾರಂಭಿಸಿದರು. 2006ರಲ್ಲಿ ಈ ಬುಟ್ಟಿಯನ್ನು ದಕ್ಷಿಣ ಕೆರೊಲಿನಾದ ರಾಜ್ಯ ಕರಕುಶಲವೆಂದು ಘೋಷಿಸಲಾಯಿತು. ಅದೇ ವರ್ಷ ಅಮೆರಿಕದ ಕಾಂಗ್ರೆಸ್ಸು ಉತ್ತರ ಕೆರೊಲಿನಾದಿಂದ ಫ್ಲಾರಿಡಾವರೆಗಿನ ಕರಾವಳಿಯನ್ನು ಗಲ್ಲಾ-ಗೀಚೀ ಸಾಂಸ್ಕೃತಿಕ ಪರಂಪರೆಯ ಪಥವೆಂದು ಗುರುತಿಸಿತು.

ಗೌರವ ಬಂತು, ಹುಲ್ಲು ಹೋಯಿತು. ಕರಾವಳಿಯ ಸೊಬಗನ್ನು ಓದಿ ಬಂದವರಿಗಾಗಿ ರೆಸಾರ್ಟುಗಳೂ ಬೇಲಿ ಹಾಕಿದ ಬಡಾವಣೆಗಳೂ ಎದ್ದವು. ಹುಲ್ಲು ಬೆಳೆಯುತ್ತಿದ್ದ ದಿಣ್ಣೆಗಳು ಖಾಸಗಿಯಾದವು. ಒಂದು ಕಾಲಕ್ಕೆ ಮನೆಯ ಹಿಂದೆಯೇ ಕೊಯ್ಯುತ್ತಿದ್ದ ಹುಲ್ಲನ್ನು ಈಗ ಬಹು ದೂರದಿಂದ ತರಬೇಕು, ಇಲ್ಲವೇ ಕೊಳ್ಳಬೇಕು. ಹೆದ್ದಾರಿ ಅಗಲವಾದಂತೆ ಚಪ್ಪರಗಳೂ ಹಿಂದೆ ಸರಿದವು. ಆ ಹಿರಿಯ ಹೆಂಗಸಿನೊಡನೆ ನಾವು ಬೆಲೆಯಲ್ಲಿ ಸ್ವಲ್ಪ ಬಿಡಿಸಲು ನೋಡಿದೆವೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇವೆ. ಆಕೆ ಬೇಸರಿಸಲಿಲ್ಲ. ಕೈಯಲ್ಲಿದ್ದ ಬುಟ್ಟಿಯನ್ನು ತೋರಿಸಿ, ಇದನ್ನು ಹಿಡಿದು ಮೂರನೆಯ ವಾರ ಎಂದಷ್ಟೇ ಹೇಳಿ ಹೊಲಿಗೆ ಮುಂದುವರಿಸಿದರು. ನಾವು ಕೇಳಿದ ಬೆಲೆ ಕೊಟ್ಟು ಬಂದೆವು.

ಗೌರಿಹಬ್ಬಕ್ಕೆ ನಾವೆಲ್ಲ ಬಾಗಿನ ಕೊಡುತ್ತೇವೆ. ಮೊರದ ಜೊತೆಯಲ್ಲಿ ಬಳೆ, ಬಿಚ್ಚೋಲೆ, ಅಕ್ಕಿ, ಬೇಳೆ, ತೆಂಗಿನಕಾಯಿ. ಮೇರಿಲೆಂಡಿನಲ್ಲಿ ನಾವು ಹಲವು ವರ್ಷ ಪ್ಲಾಸ್ಟಿಕ್ಕಿನ ಪುಟ್ಟ ಮೊರಗಳಲ್ಲೇ ಬಾಗಿನ ಕೊಟ್ಟೆವು. ಬಿದಿರನ್ನು ಸೀಳಿ ಮೊರ ಹೆಣೆಯುವ ಮೇದರ ಕೇರಿ ನಮ್ಮೂರಿನಲ್ಲಿಯೂ ಇತ್ತು. ಆ ಕೇರಿಯ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಅನ್ಯರ ಮೊರದ ಮುಂದೆ ನಿಂತು ಮೂರು ಶತಮಾನದ ಕಥೆ ಕೇಳಿದವರಿಗೆ ನಮ್ಮದೇ ಮೊರದ ಕಥೆ ತಿಳಿಯದು! ಕೆಳಜಾತಿಯವರೆಂದು ಊರಾಚೆ ಇರಿಸಿದವರ ವಿದ್ಯೆಯನ್ನು ಮನೆಯೊಳಗೆ ತಂದುಕೊಂಡು, ವಿದ್ಯೆ ಬಲ್ಲವರನ್ನು ಹೊರಗೆಯೇ ಬಿಟ್ಟದ್ದು ಆ ಕಥೆಯ ಭಾಗವೆಂದು ಒಪ್ಪದೆ ಬರೆದರೆ, ಅದು ಸಂಸ್ಕೃತಿಯ ಪರಿಚಯವಾಗುವುದಿಲ್ಲ.

ಹೆದ್ದಾರಿಯ ಮಾತು ಬಂದಾಗ ಚನ್ನಪಟ್ಟಣ ನೆನಪಾಗದಿರದು. ಅರಗಿನ ಬಣ್ಣ ಕೊಟ್ಟ ಆ ಮರದ ಬೊಂಬೆಗಳು ಬೆಂಗಳೂರು-ಮೈಸೂರು ಹಳೆಯ ರಸ್ತೆಯ ಬದಿಯ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. 2023ರ ಮಾರ್ಚಿನಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಅದು ಊರುಗಳನ್ನು ಹೊರಬದಿಯಿಂದ ಬಳಸಿ ಸಾಗುತ್ತದೆ. ಪ್ರಯಾಣದ ಹೊತ್ತು ಉಳಿಯಿತು. ಹಳೆಯ ರಸ್ತೆಯ ಬೊಂಬೆಯಂಗಡಿಗಳ ಮುಂದೆ ನಿಲ್ಲುವ ವಾಹನಗಳು ಕಡಿಮೆಯಾದವು. ರಜೆಗೆ ಹೋದ ನಾವು ವಿಮಾನದಿಂದಿಳಿದು ಮೈಸೂರಿಗೆ ಧಾವಿಸುವಾಗ ಹಿಡಿಯುವುದು ಆ ಹೊಸ ದಾರಿಯನ್ನೇ. ಮುಂದಿನ ಬಾರಿ ಹಳೆಯದನ್ನು ಹಿಡಿಯೋಣ. ಅದಕ್ಕೆ ಬೇಕಾದದ್ದು ಒಂದು ಗಂಟೆ ಮಾತ್ರ.

ಕೊನೆಯ ದಿನ ತಮ್ಮ ಜಾರ್ಜಿಯಾದ ಬೆಟ್ಟಸೀಮೆಯಲ್ಲಿ ಎರಡು ಊರುಗಳನ್ನು ಕಂಡೆವು. ಹೆಲೆನ್ ಎಂಬ ಊರು ತಮಗೆಲ್ಲ ಪರಿಚಿತ. ಮರದ ಕಾರ್ಖಾನೆ ಮುಚ್ಚಿ ಊರು ಬಡವಾದಾಗ, 1969ರಲ್ಲಿ ಅಲ್ಲಿನ ವ್ಯಾಪಾರಿಗಳು ಕಲಾವಿದರೊಬ್ಬರ ಸಲಹೆಯಂತೆ ಅಂಗಡಿಗಳ ಮುಂಭಾಗಕ್ಕೆ ಜರ್ಮನಿಯ ಬವೇರಿಯಾದ ವೇಷ ತೊಡಿಸಿದರು. ಪ್ರವಾಸಿಗಳು ಬಂದರು, ಊರು ಉಳಿಯಿತು. ಹಸಿದವರು ಆಡಿದ ನಾಟಕವನ್ನು ಹೊಟ್ಟೆ ತುಂಬಿದವರು ಅಣಕಿಸಬಾರದು. ಆದರೆ ಆ ಬೆಟ್ಟದ ಜನ ಹೇಗೆ ಬದುಕಿದ್ದರೆಂಬುದನ್ನು ಆ ಬೀದಿ ಹೇಳಲಾರದು.

ಅಲ್ಲಿಂದ ಒಂದು ಗಂಟೆಯೊಳಗಿನ ಹಾದಿಯಲ್ಲಿ, ರೇಬನ್ ಕೌಂಟಿಯಲ್ಲಿ, ಅದನ್ನು ಹೇಳುವ ಕೆಲಸ ಬೇರೆ ಬಗೆಯಲ್ಲಿ ನಡೆದಿತ್ತು. 1966ರಲ್ಲಿ ರೇಬನ್ ಗ್ಯಾಪಿನ ಶಾಲೆಯೊಂದರ ಮಕ್ಕಳು ತರಗತಿಯ ಪಾಠವಾಗಿ ಒಂದು ಪತ್ರಿಕೆ ಹೊರಡಿಸಿದರು. ಕೊಳೆತ ಮರದಲ್ಲಿ ಇರುಳು ಮಿನುಗುವ ಅಣಬೆಯ ಹೆಸರನ್ನೇ ಅದಕ್ಕಿಟ್ಟರು: ‘ಫಾಕ್ಸ್‌ಫೈರ್’. ಅವರು ಅಜ್ಜ ಅಜ್ಜಿಯರ ಬಳಿ ಕುಳಿತು, ದಿಮ್ಮಿಯ ಮನೆ ಕಟ್ಟುವುದು ಹೇಗೆ, ಸಾಬೂನು ಕಾಯಿಸುವುದು ಹೇಗೆ, ಹೆರಿಗೆಗೆ ಯಾರು ಬರುತ್ತಿದ್ದರು, ಸಾವಾದಾಗ ಏನು ಮಾಡುತ್ತಿದ್ದರು ಎಂದು ಕೇಳಿ, ಹಿರಿಯರ ಆಡುಮಾತಿನಲ್ಲಿಯೇ ಬರೆದರು. 1972ರಲ್ಲಿ ಆ ಬರಹಗಳು ಪುಸ್ತಕವಾಗಿ ದೇಶವೆಲ್ಲ ಓದಿತು. ಬಂದ ಗೌರವಧನದಿಂದ ಮೌಂಟನ್ ಸಿಟಿಯಲ್ಲಿ ಜಾಗ ಕೊಂಡು, ಹಳೆಯ ಮನೆಗಳನ್ನು ತಂದು ನಿಲ್ಲಿಸಿ, ಒಂದು ವಸ್ತುಸಂಗ್ರಹಾಲಯ ಮಾಡಿದರು. ಬರೆದವರು ಆ ಸೀಮೆಯಲ್ಲೇ ಓದುತ್ತಿದ್ದ ಮಕ್ಕಳು, ಹಣ ಬಂದದ್ದೂ ಆ ಸೀಮೆಗೇ. ನಾಲ್ಕು ದಿನದಲ್ಲಿ ನಾವು ಕಂಡ ಅತ್ಯುತ್ತಮ ಪಾಠವಿದು.

ಇಲ್ಲಿ ನಮ್ಮ ತಪ್ಪೊಂದನ್ನು ಹೇಳಲೇಬೇಕು. ಹಲವು ವರ್ಷಗಳ ಹಿಂದೆ ಘಟ್ಟದ ಕೆಳಗಿನ ಒಂದು ಹಳ್ಳಿಗೆ ಹೋಗಿದ್ದೆವು. ಊರಿನ ಹೆಸರು ಬೇಡ. ಒಬ್ಬ ರೈತರು ತಮ್ಮ ತೋಟದ ಮೇಲ್ಗಡೆಯ ಜಲಪಾತವನ್ನು ತೋರಿಸಿ, ಮನೆಯಲ್ಲಿ ಕಡುಬು ಬಡಿಸಿ, ಕೊಟ್ಟ ಹಣವನ್ನು ಹಿಂದಿರುಗಿಸಿದರು. ನಾವು ಸಂತೋಷದಿಂದ ಅದರ ಬಗ್ಗೆ ಬರೆದೆವು; ಬಹಳ ಜನ ಓದಿದರು; ಹಲವರು ಹೋದರು. ಆರು ವರ್ಷದ ಮೇಲೆ ಮತ್ತೆ ಹೋದಾಗ ತೋಟದ ಬೇಲಿ ಮುರಿದಿತ್ತು, ಹಳ್ಳದಲ್ಲಿ ಸೀಸೆಗಳಿದ್ದವು. ಆ ರೈತರು ಆಗಲೂ ಬಾಯಾರಿಕೆ ಕೊಟ್ಟು ಉಪಚರಿಸಿದರು. ಹೊರಡುವಾಗ ಮಾತ್ರ, ‘ಈ ಸಲ ಬರೀಬೇಡಿ’ ಎಂದರು. ಆ ಮೂರು ಮಾತು ನಮ್ಮ ಲೇಖನಿಗೆ ಇಂದಿಗೂ ಅಂಕುಶವಾಗಿವೆ.

ಹಾಗಾದರೆ ಬರೆಯಬಾರದೇ? ಬರೆಯಬೇಕು. ಆದರೆ ಯಾರಿಗಾಗಿ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. 2011ರ ಜುಲೈಯಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಮಂಟಪಸಾಲುಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳನ್ನು ತೆರವುಗೊಳಿಸಲಾಯಿತು. ಸ್ಮಾರಕ ಉಳಿಯಬೇಕೆಂಬುದು ನಿಜ. ಅಲ್ಲಿನ ಜನ ಪ್ರವಾಸಿಗಳಿಗೆ ಊಟ ಬಡಿಸಿದವರೆಂಬುದೂ ನಿಜ. ಇದಕ್ಕೆ ಎದುರಾಗಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೋಡಿ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಹುಣಸೆಹಣ್ಣಿನ ನಷ್ಟವನ್ನು ಸಹಿಸಿಕೊಂಡು ಊರವರು ಅವುಗಳನ್ನು ಕಾಯುತ್ತ ಬಂದಿದ್ದಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಲು ‘ಹೆಜ್ಜಾರ್ಲೆ ಬಳಗ’ವನ್ನೇ ಕಟ್ಟಿಕೊಂಡರು. 2007ರಲ್ಲಿ ಅದು ಸಮುದಾಯ ಸಂರಕ್ಷಿತ ಪ್ರದೇಶವಾಯಿತು. ಅಲ್ಲಿಗೆ ಹೋಗುವವರು ಹಕ್ಕಿಗಳನ್ನಷ್ಟೇ ನೋಡಿ ಬಂದರೆ ಊರನ್ನು ನೋಡಿದಂತಾಗಲಿಲ್ಲ. ಇನ್ನು ಸಾಗರದ ಬಳಿಯ ಹೆಗ್ಗೋಡು. 1949ರಲ್ಲಿ ಆರಂಭವಾದ ನೀನಾಸಂ, ಹಳ್ಳಿಯೊಳಗೇ ನಾಟಕವನ್ನೂ ಚಿಂತನೆಯನ್ನೂ ಬೆಳೆಸಿತು. ಅದನ್ನು ಕಟ್ಟಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹೆಗ್ಗೋಡು ಪ್ರವಾಸಿಗಳಿಗಾಗಿ ವೇಷ ತೊಡಲಿಲ್ಲ. ತನಗಾಗಿ ಮಾಡಿಕೊಂಡ ಕೆಲಸವನ್ನು ನೋಡಲು ಜನ ತಾವಾಗಿ ಬಂದರು.

ನಮ್ಮ ವಾಷಿಂಗ್ಟನ್ನಿನ ಒಂದು ನೆನಪನ್ನೂ ಸೇರಿಸುತ್ತೇವೆ. 1985ರ ಬೇಸಿಗೆಯಲ್ಲಿ ಸ್ಮಿತ್ಸೋನಿಯನ್ ಸಂಸ್ಥೆ ಅಲ್ಲಿನ ಮಾಲ್ ಮೈದಾನದಲ್ಲಿ ‘ಮೇಳ’ ಎಂಬ ಭಾರತೀಯ ಜಾತ್ರೆಯನ್ನು ಏರ್ಪಡಿಸಿತ್ತು. ಅದೇ ವರ್ಷ ‘ಅದಿತಿ’ ಎಂಬ ಪ್ರದರ್ಶನವೂ ನಡೆಯಿತು. ಬೀದಿಯ ಆಟದವರಿಗೆ, ಜಾದೂಗಾರರಿಗೆ, ಕುಶಲಕರ್ಮಿಗಳಿಗೆ ಅಲ್ಲಿ ಅತಿಥಿಗಳ ಮರ್ಯಾದೆ. ಆದರೆ ಆ ಕಾಲದ ದೆಹಲಿಯಲ್ಲಿ ಜಾರಿಯಲ್ಲಿದ್ದ ಭಿಕ್ಷಾಟನೆ ನಿಷೇಧದ ಕಾನೂನು, ಬೀದಿಯಲ್ಲಿ ಆಡಿ ಹಾಡಿ ಕಾಸು ಕೇಳುವುದನ್ನೂ ಭಿಕ್ಷೆಯೆಂದೇ ಎಣಿಸುತ್ತಿತ್ತು. ಹೊರನಾಡಿನಲ್ಲಿ ಕಲಾವಿದ, ತನ್ನ ಬೀದಿಯಲ್ಲಿ ಭಿಕ್ಷುಕ! ಹೊರನಾಡಿನ ವೇದಿಕೆಯಲ್ಲಿ ಡೊಳ್ಳು, ವೀರಗಾಸೆಗಳಿಗೆ ಚಪ್ಪಾಳೆ ತಟ್ಟುವ ನಾವು ಇದನ್ನು ಮರೆಯಬಾರದು.

ಕೊನೆಯದಾಗಿ ಒಂದು ಅರಿಕೆ. ಹಳ್ಳಿಯ ಪ್ರವಾಸಕ್ಕೆ ಟಿಕೇಟು ಬೇಕಿಲ್ಲ. ಪ್ರತಿ ಬೇಸಿಗೆಯಲ್ಲಿ ಹಾಸನ, ತುಮಕೂರು, ಶಿರಸಿ, ಗದಗಗಳಿಂದ ನಮ್ಮ ತಂದೆತಾಯಂದಿರು ಆರು ತಿಂಗಳ ಮಟ್ಟಿಗೆ ಬಂದು, ನಾವು ಕೆಲಸಕ್ಕೆ ಹೋದ ಮೇಲೆ ಕಿಟಕಿಯ ಬಳಿ ಕುಳಿತಿರುತ್ತಾರೆ. ಕೂರಿಗೆ ಹೂಡುವುದು, ರಾಗಿಕಣ ಮಾಡುವುದು, ಅಡಕೆ ಬೇಯಿಸುವುದು, ಮೊಮ್ಮಗುವಿಗೆ ಎಣ್ಣೆ ನೀರು ಹಾಕುವುದು ಅವರಿಗೆ ಗೊತ್ತು. ಅವರನ್ನು ಕೇಳಿದವರಿಲ್ಲ. ಕನ್ನಡ ಕಲಿಯುತ್ತಿರುವ ನಮ್ಮ ಮಕ್ಕಳು ಈ ಬೇಸಿಗೆಯಲ್ಲಿ ಒಬ್ಬೊಬ್ಬ ಹಿರಿಯರ ಬಳಿ ಕುಳಿತು, ಒಂದೊಂದು ಕೆಲಸದ ಬಗ್ಗೆ ಕೇಳಿ, ಅವರದೇ ಮಾತಿನಲ್ಲಿ ಒಂದು ಪುಟ ಬರೆಯಲಿ. ಅಚ್ಚಾಗುವ ಮೊದಲು ಹಿರಿಯರಿಗೆ ಓದಿ ತೋರಿಸಿ ಒಪ್ಪಿಗೆ ಪಡೆಯಲಿ. ಕೂಟದ ಪತ್ರಿಕೆ ಅದನ್ನು ಪ್ರಕಟಿಸಲಿ. ಮುಂದೊಂದು ದಿನ ಆ ಮಗು ಆ ಊರಿಗೆ ಹೋದರೆ ಪ್ರವಾಸಿಯಾಗಿ ಹೋಗುವುದಿಲ್ಲ. ಪರಿಚಯದವರ ಮನೆಗೆ ಹೋದಂತೆ ಹೋಗುತ್ತದೆ.

ಮೌಂಟ್ ಪ್ಲೆಸೆಂಟಿನಿಂದ ತಂದ ಆ ಮೊರ ನಮ್ಮ ಕಾರಿನಲ್ಲಿದೆ. ಬರುವ ಗೌರಿಹಬ್ಬದೊಳಗೆ ನಮ್ಮೂರ ಮೇದರ ಕೇರಿಯಲ್ಲಿ ಈಗ ಯಾರಿದ್ದಾರೆ, ಮೊರ ಹೆಣೆಯುವವರು ಇನ್ನೂ ಇದ್ದಾರೆಯೇ ಎಂದು ವಿಚಾರಿಸಿ ತಿಳಿಯಬೇಕೆಂದು ನಿಶ್ಚಯಿಸಿದ್ದೇವೆ. ತಾವೂ ತಮ್ಮ ತಮ್ಮ ಊರಿಗೆ ಒಂದು ದೂರವಾಣಿ ಕರೆ ಮಾಡಿ, ಒಬ್ಬರ ಹೆಸರನ್ನಾದರೂ ಕೇಳಿ ತಿಳಿಯಿರಿ ಎಂದು ವಿನಂತಿಸುತ್ತೇವೆ.