ಹೆಗಲ ಮೇಲಿನ ಕೊಂಬು: ಹಳೆಯ ಪಾಠಚಿತ್ರಗಳ ಬಗ್ಗೆ ಒಂದು ತಕರಾರು

(ದತ್ತಿ ಉಪನ್ಯಾಸ)

ಚಿತ್ರ ತೋರಿಸಿ ಪಾಠ ಹೇಳುವ ಪುಸ್ತಕಗಳ ಚರಿತ್ರೆಗೆ ಒಂದೇ ಊರನ್ನು ಆರಿಸಿಕೊಳ್ಳಬೇಕೆಂದರೆ ಅದು ಜರ್ಮನಿಯ ನ್ಯೂರೆಂಬರ್ಗ್. ಹಾರ್ಟ್‌ಮನ್ ಶೇಡಲ್ ಬರೆದ ಜಗತ್ತಿನ ವೃತ್ತಾಂತ 1493ರಲ್ಲಿ ಅಚ್ಚಾದದ್ದು ಅಲ್ಲಿ. ಕೊಮೆನಿಯಸ್‌ನ ‘ಆರ್ಬಿಸ್ ಪಿಕ್ಟಸ್’ 1658ರಲ್ಲಿ ಹೊರಬಂದದ್ದೂ ಅಲ್ಲೇ. ಕೊಮೆನಿಯಸ್‌ನ ವಿಚಾರ ಶಿಕ್ಷಣಶಾಸ್ತ್ರದ ಯಾವ ಕೈಪಿಡಿಯಲ್ಲಾದರೂ ಸಿಗುತ್ತದೆ, ಅದನ್ನು ಇಲ್ಲಿ ವಿಸ್ತರಿಸಬೇಕಿಲ್ಲ. ಅವನ ಪುಸ್ತಕದ ಕಾಡುಪ್ರಾಣಿಗಳ ಪಾಠದಲ್ಲಿ ಜಿಂಕೆಗಳ ಜೊತೆಗೇ, ಯಾರೂ ಕಂಡಿರದ ಒಂಟಿಕೊಂಬಿನ ಯೂನಿಕಾರ್ನ್ ಕೂಡ ಇದೆ ಎಂಬಷ್ಟನ್ನು ನೆನಪಿಟ್ಟುಕೊಂಡರೆ ಸಾಕು.

ಈ ದತ್ತಿ ಯಾರ ಹೆಸರಿನಲ್ಲಿದೆಯೋ ಆ ಹಿರಿಯರು ಚಿತ್ರಕಲೆಯ ಮೇಷ್ಟ್ರಾಗಿದ್ದವರು. ಎಲೆ ಬರೆಯುವ ಹುಡುಗನ ಮುಂದೆ ಎಲೆ ಇರಬೇಕು, ಎಲೆಯ ಚಿತ್ರ ಅಲ್ಲ ಎಂಬುದು ಅವರ ಪಾಠದ ಮೊದಲ ನಿಯಮ. ಅವರ ಹೆಸರಿನ ಉಪನ್ಯಾಸಕ್ಕೆ ಕರೆ ಬಂದದ್ದೇ ಒಂದು ಗೌರವ. ಇಲ್ಲಿ ಎತ್ತಿಕೊಂಡಿರುವ ತಕರಾರು ಅವರ ಆ ನಿಯಮದ ಸುತ್ತಲೇ ಇದೆ.

ಶೇಡಲ್‌ನ ವೃತ್ತಾಂತದಲ್ಲಿರುವ ಚಿತ್ರಗಳು 1,809. ಅವುಗಳಿಗೆ ಬಳಸಿದ ಮರದ ಅಚ್ಚುಗಳು ಬರೀ 645. ಒಂದೇ ಅಚ್ಚಿನ ಊರು ಒಂದು ಪುಟದಲ್ಲಿ ಡಮಾಸ್ಕಸ್, ಇನ್ನೊಂದರಲ್ಲಿ ಫೆರಾರ, ಮತ್ತೆ ಮಿಲಾನ್, ಮತ್ತೆ ಮಾಂಟುವ. ದೊರೆಗಳ, ಪೋಪರ ಮುಖಗಳಿಗೂ ಇದೇ ಗತಿ. ಇದನ್ನು ಮೋಸ ಎನ್ನಲಾಗದು. ಅಚ್ಚು ಕೆತ್ತುವುದು ದುಡ್ಡಿನ, ದಿನಗಳ ಕೆಲಸ. ‘ಇಲ್ಲೊಂದು ನಗರವಿದೆ’ ಎಂದು ಹೇಳಿದರೆ ಆ ಪುಸ್ತಕದ ಮಟ್ಟಿಗೆ ಸಾಕಿತ್ತು. ಈ ಅಚ್ಚುಗಳನ್ನು ತಯಾರಿಸಿದ ಮಿಖಾಯೆಲ್ ವೋಲ್ಗೆಮುಟ್‌ನ ಕಾರ್ಖಾನೆಯಲ್ಲೇ ಮುಂದೆ ಹೆಸರಾಂತ ಚಿತ್ರಕಾರನಾದ ಹುಡುಗ ಆಲ್ಬ್ರೆಕ್ಟ್ ಡ್ಯೂರರ್ 1486ರಿಂದ ಕೆಲಸ ಕಲಿತ. ಪುಸ್ತಕ ಅಚ್ಚು ಹಾಕಿದ ಆಂಟನ್ ಕೊಬರ್ಗರ್ ಅವನ ಜ್ಞಾನಪಿತ. ಅಂದರೆ ಡ್ಯೂರರ್ ಬೆಳೆದದ್ದೇ ಅಚ್ಚುಮನೆಯ ಲೆಕ್ಕಾಚಾರದ ನಡುವೆ. ಮುಂದಿನ ವಾದಕ್ಕೆ ಇದು ಮುಖ್ಯ.

ಇನ್ನು ಡ್ಯೂರರ್‌ನ ಚಿತ್ರದಿಂದ ಪ್ರಸಿದ್ಧವಾದ ಪ್ರಾಣಿ. ಗುಜರಾತಿನ ಸುಲ್ತಾನ ಎರಡನೆಯ ಮುಜಫ್ಫರ್ ಷಾ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್‌ಗೆ ಒಂದು ಘೇಂಡಾಮೃಗವನ್ನು ಉಡುಗೊರೆ ಕೊಟ್ಟ. ಹೊನ್ನಾವರ ಕಡೆಯ ತಿಮ್ಮಯ್ಯನ ಒತ್ತಾಸೆಯಿಂದ 1510ರಲ್ಲಿ ಬಿಜಾಪುರದ ಆದಿಲಶಾಹಿಯ ಕೈಯಿಂದ ಗೋವೆ ಕಿತ್ತುಕೊಂಡವನೇ ಈ ಅಲ್ಬುಕರ್ಕ್. ಗೋವೆಯಿಂದ ಹಡಗೇರಿದ ಮೃಗ 1515ರ ಮೇ 20ರಂದು ಲಿಸ್ಬನ್ ಮುಟ್ಟಿತು. ದೊರೆ ಮ್ಯಾನುಯೆಲ್ ಅದನ್ನು ಒಂದು ಎಳೆಯ ಆನೆಯ ಎದುರು ನಿಲ್ಲಿಸಿದ, ಆನೆ ಓಡಿಹೋಯಿತು. ಆಮೇಲೆ ಪೋಪ್ ಹತ್ತನೆಯ ಲಿಯೋಗೆಂದು ಅದನ್ನು ಕಳಿಸಿದಾಗ 1516ರಲ್ಲಿ ಇಟಲಿಯ ಕರಾವಳಿಯ ಹತ್ತಿರ ಹಡಗು ಮುಳುಗಿ ಅದೂ ಸತ್ತಿತು. ನ್ಯೂರೆಂಬರ್ಗಿನ ಡ್ಯೂರರ್ ಅದನ್ನು ಕಣ್ಣಾರೆ ನೋಡಲೇ ಇಲ್ಲ. ಒಂದು ಪತ್ರ, ಒಂದು ಗೀಚುಚಿತ್ರ ಇವಿಷ್ಟನ್ನೇ ಆಧರಿಸಿ ಮರದಚ್ಚಿನ ಚಿತ್ರ ಮಾಡಿದ. ಮೈಮೇಲೆ ಕವಚದಂಥ ಫಲಕಗಳು, ಹೆಗಲ ಮೇಲೆ ಒಂದು ಪುಟ್ಟ ಹೆಚ್ಚುವರಿ ಕೊಂಬು.

ಆ ಪುಟ್ಟ ಕೊಂಬು ಸಂಶೋಧಕರಿಗೆ ದೊಡ್ಡ ಉಪಕಾರ ಮಾಡಿದೆ. ಯಾವ ಘೇಂಡಾಮೃಗಕ್ಕೂ ಹೆಗಲಲ್ಲಿ ಕೊಂಬಿಲ್ಲ. ಆದ್ದರಿಂದ ಯಾವ ಪುಸ್ತಕದಲ್ಲಿ ಅದು ಕಂಡರೂ ಚಿತ್ರ ಡ್ಯೂರರ್‌ನ ಮನೆಯಿಂದ ಬಂದದ್ದೆಂದು ಹೇಳಿಬಿಡಬಹುದು. ಗೆಸ್ನರನ 1551ರ ಪ್ರಾಣಿಚರಿತ್ರೆಯಲ್ಲಿ ಅದಿದೆ. ಟಾಪ್ಸೆಲ್ 1607ರಲ್ಲಿ ಲಂಡನ್ನಿನಲ್ಲಿ ತಂದ ಗ್ರಂಥದಲ್ಲೂ ಇದೆ. ಜರ್ಮನ್ ಶಾಲಾಪುಸ್ತಕಗಳಲ್ಲಿ ಈ ಚಿತ್ರ 1930ರ ದಶಕದವರೆಗೂ ನಿಜದ ಪ್ರಾಣಿಯಾಗಿ ಉಳಿದಿತ್ತೆಂದು ಇದರ ಚರಿತ್ರೆ ಬರೆದವರು ಹೇಳುತ್ತಾರೆ.

ಯಾಕೆ ಉಳಿಯಿತು?

ಕಲಾಚರಿತ್ರೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಉತ್ತರ ಅರ್ನ್ಸ್ಟ್ ಗೋಂಬ್ರಿಖ್ 1960ರಲ್ಲಿ ಕೊಟ್ಟದ್ದು. ಕಲಾವಿದ ಕಂಡದ್ದನ್ನು ಬರೆಯುವುದಿಲ್ಲ, ಮನಸ್ಸಿನಲ್ಲಿ ಮೊದಲೇ ಕೂತಿರುವ ಮಾದರಿಯಿಂದ ಶುರುಮಾಡುತ್ತಾನೆ. ಡ್ಯೂರರ್‌ನ ಮನಸ್ಸಿನಲ್ಲಿ ಕವಚ ತೊಟ್ಟ ಡ್ರ್ಯಾಗನ್ ಇತ್ತು, ಅವನ ಅನಂತರದವರ ಮನಸ್ಸಿನಲ್ಲಿ ಡ್ಯೂರರ್ ಇದ್ದ. ಗೋಂಬ್ರಿಖ್ ದೊಡ್ಡ ವಿದ್ವಾಂಸ, ಅವರ ಓದು ಅಗಾಧ. ಆದರೆ ಈ ಉತ್ತರ ಎರಡು ಸಾಕ್ಷಿಗಳ ಮುಂದೆ ನಿಲ್ಲುವುದಿಲ್ಲ.

ಮೊದಲ ಸಾಕ್ಷಿ ಹಾನ್ಸ್ ಬುರ್ಕ್‌ಮೈರ್. ಆಗ್ಸ್‌ಬರ್ಗಿನ ಈ ಕಲಾವಿದ ಅದೇ 1515ರಲ್ಲಿ ಅದೇ ಪ್ರಾಣಿಯ ಮರದಚ್ಚು ಮಾಡಿದ. ಅವನೂ ಜರ್ಮನ್, ಅವನೂ ಡ್ಯೂರರ್‌ನ ಓರಗೆಯವನು, ಡ್ರ್ಯಾಗನ್‌ಗಳನ್ನು ಅವನೂ ಬಲ್ಲ. ಆದರೂ ಅವನ ಚಿತ್ರದಲ್ಲಿ ಹೆಗಲ ಕೊಂಬಿಲ್ಲ, ಕವಚದ ಅಬ್ಬರವಿಲ್ಲ. ಮುಂಗಾಲಿಗೆ ಹಗ್ಗ ಬಿಗಿದ, ಚರ್ಮದ ಮಡಿಕೆಗಳಿರುವ ಪ್ರಾಣಿ ಅದು. ಒಂದೇ ಕಾಲದ ಮನಸ್ಸುಗಳು ಬೇರೆಬೇರೆ ಮೃಗಗಳನ್ನು ಕೊಟ್ಟವು. ಬುರ್ಕ್‌ಮೈರ್‌ನ ಚಿತ್ರದ ಒಂದೇ ಒಂದು ಪ್ರತಿ ಇಂದು ವಿಯೆನ್ನಾದಲ್ಲಿ ಉಳಿದಿದೆ. ಡ್ಯೂರರ್‌ನ ಅಚ್ಚಾದರೋ ಅವನು 1528ರಲ್ಲಿ ತೀರಿಕೊಂಡ ಮೇಲೂ ಮರುಮುದ್ರಣ ಕಾಣುತ್ತ ಹೋಗಿ, ನೆದರ್ಲೆಂಡ್ಸ್ ಸೇರಿ, 1620ರ ಸುಮಾರಿಗೆ ಬಣ್ಣದ ಇನ್ನೊಂದು ಅಚ್ಚಿನ ಜೊತೆಗೂಡಿ ಮತ್ತೆ ಮಾರಾಟಕ್ಕೆ ಬಂತು. ಗೆದ್ದದ್ದು ಚೆನ್ನಾಗಿ ಹಂಚಿಕೆಯಾದ ಅಚ್ಚು.

ಎರಡನೆಯ ಸಾಕ್ಷಿಯನ್ನು ಗೋಂಬ್ರಿಖ್ ತಮ್ಮ ಪರವಾಗಿಯೇ ಮುಂದಿಟ್ಟದ್ದು. ಜೇಮ್ಸ್ ಬ್ರೂಸ್ 1790ರ ತನ್ನ ಪ್ರವಾಸಗ್ರಂಥದಲ್ಲಿ ಡ್ಯೂರರ್‌ನನ್ನು ಹಳಿದು, ತನ್ನದು ಜೀವಂತ ಪ್ರಾಣಿಯನ್ನು ನೋಡಿ ಬರೆಸಿದ ಚಿತ್ರ ಎಂದ. ಅವನದು ಎರಡು ಕೊಂಬಿನ ಆಫ್ರಿಕದ ಪ್ರಾಣಿ. ಅದರ ಮೈಮೇಲೆ ಫಲಕಗಳಂಥ ಮಡಿಕೆಗಳಿಲ್ಲ. ಚಿತ್ರದಲ್ಲಿ ಮಾತ್ರ ಮಡಿಕೆಗಳಿವೆ. ಮನಸ್ಸಿನ ಮಾದರಿ ಕಣ್ಣನ್ನು ಸೋಲಿಸಿತು ಎಂಬುದು ಗೋಂಬ್ರಿಖ್ ತೀರ್ಮಾನ. ಆದರೆ ಆ ಚಿತ್ರವನ್ನು ಫ್ರೆಂಚ್ ನಿಸರ್ಗವಿಜ್ಞಾನಿ ಬ್ಯುಫಾನ್‌ನ ಗ್ರಂಥದ ಚಿತ್ರದ ಪಕ್ಕ ಇಟ್ಟು ನೋಡಬೇಕು. ಬ್ಯುಫಾನ್‌ನದು ಕ್ಲಾರಾ ಎಂಬ ಭಾರತದ ಹೆಣ್ಣು ಘೇಂಡಾಮೃಗ. 1741ರಲ್ಲಿ ಹಾಲೆಂಡಿಗೆ ಬಂದು, ಯುರೋಪೆಲ್ಲ ಸುತ್ತಿ, 1758ರಲ್ಲಿ ಲಂಡನ್ನಿನಲ್ಲಿ ಸತ್ತ ಅದನ್ನು ಕಲಾವಿದ ಊದ್ರಿ 1749ರಲ್ಲಿ ಪ್ಯಾರಿಸ್ಸಿನಲ್ಲಿ ಎದುರೇ ನೋಡಿ ಚಿತ್ರಿಸಿದ್ದ. ಬ್ರೂಸ್‌ನ ಮೃಗ ನಿಂತ ಭಂಗಿ, ಮಡಿಕೆಗಳ ಸಾಲು ಎಲ್ಲವೂ ಕ್ಲಾರಾಳನ್ನೇ ಹೋಲುತ್ತವೆ, ಮೂಗಿನ ಮೇಲೆ ಎರಡನೆಯ ಕೊಂಬೊಂದು ಹೆಚ್ಚು. ಇದರಲ್ಲಿ ಮನೋವಿಜ್ಞಾನ ಎಲ್ಲಿದೆ? ಪ್ರವಾಸಿಯ ಕಣ್ಣಿಗೂ ಪುಸ್ತಕದ ಪುಟಕ್ಕೂ ನಡುವೆ ಕೆತ್ತನೆಗಾರನ ಮೇಜಿದೆ. ಆ ಮೇಜಿನ ಮೇಲೆ ಇನ್ನೊಂದು ಪುಸ್ತಕ ತೆರೆದಿತ್ತೆಂದೇ ಈ ಉಪನ್ಯಾಸದ ನಿಲುವು.

ಲಿಸ್ಬನ್ನಿನ ಕಾಳಗಕ್ಕೆಂದು ಮೃಗಕ್ಕೆ ನಿಜವಾಗಿಯೇ ಲೋಹದ ಕವಚ ತೊಡಿಸಿದ್ದಿರಬಹುದು ಎಂಬ ಊಹೆಯೂ ಚಲಾವಣೆಯಲ್ಲಿದೆ. ಅದರ ಅಗತ್ಯವೇ ಇಲ್ಲ. ಭಾರತದ ಘೇಂಡಾಮೃಗದ ಚರ್ಮ ದಪ್ಪ ಮಡಿಕೆಗಳಲ್ಲಿ ಮೈಯನ್ನು ಫಲಕಗಳಂತೆ ಭಾಗಿಸುತ್ತದೆ, ಹೆಗಲು ಪೃಷ್ಠಗಳಲ್ಲಿ ಗಂಟುಗಂಟಾಗಿರುತ್ತದೆ. ಕಾಜಿರಂಗದಲ್ಲಿ ನೋಡಿದವರು ಬಲ್ಲರು. ಫಲಕಗಳ ಮಟ್ಟಿಗೆ ಡ್ಯೂರರ್ ಅತಿಶಯ ಮಾಡಿದ, ಸುಳ್ಳು ಹೇಳಲಿಲ್ಲ. ಆಫ್ರಿಕದ ಪ್ರಾಣಿಯನ್ನು ಅಳತೆಗೋಲಾಗಿಟ್ಟು ಅವನನ್ನು ಹಳಿದ ಬ್ರೂಸ್‌ನದೇ ಅನ್ಯಾಯ.

ಹಾಗಾದರೆ ಹಳೆಯ ಪಾಠಚಿತ್ರಗಳನ್ನು ಕೂಡಿಡುವವರು ಏನನ್ನು ಕಾಯಬೇಕು? ನಮ್ಮ ಶಾಲೆಗಳ ಅಟ್ಟದಲ್ಲಿ ಸುರುಳಿ ಸುತ್ತಿಟ್ಟ ಪ್ರಾಣಿಪಟಗಳಿಗೂ ಮಹಾಪುರುಷರ ಪಟಗಳಿಗೂ ಈ ಪ್ರಶ್ನೆ ಅನ್ವಯಿಸುತ್ತದೆ. ಚೌಕಟ್ಟು ಹಾಕಿಸುವಾಗ ಮೊದಲು ಕತ್ತರಿ ಬೀಳುವುದು ಕೆಳಗಿನ ಅಂಚಿಗೆ. ಮುದ್ರಕನ ಹೆಸರು, ಊರು, ಪಟದ ಸಂಖ್ಯೆ ಇರುವುದು ಅಲ್ಲಿಯೇ. ಯಾವ ಚಿತ್ರ ಯಾವ ಚಿತ್ರದಿಂದ ಇಳಿದು ಬಂತೆಂದು ಪತ್ತೆಹಚ್ಚಲು ಮುಂದಿನ ಸಂಶೋಧಕರಿಗೆ ಬೇಕಾದದ್ದು ಆ ಅಂಚು. ಈ ದತ್ತಿಯ ನೆರವಿನಲ್ಲಿ ಪಟಗಳ ಸಂಗ್ರಹ ಶುರುವಾಗುವುದಾದರೆ, ಅಂಚು ಕತ್ತರಿಸದ ಪ್ರತಿಗಳನ್ನು ಹುಡುಕುವುದೇ ಮೊದಲ ಕೆಲಸವಾಗಲಿ ಎಂದು ಸಮಿತಿಯವರಲ್ಲಿ ವಿನಂತಿ.